ಜಲಾಧಾರಿತ ಪಾಲಿಮರ್ ಮತ್ತು ಸಾಬೂನಿನ ಲೆಕ್ಕ

ರಿಯಾಕ್ಟರಿನಿಂದ ಹೊಸದಾಗಿ ತೆಗೆದ ಎಮಲ್ಷನ್ ಪಾಲಿಮರನ್ನು, ಅಂದರೆ ಅತಿಸೂಕ್ಷ್ಮ ಪಾಲಿಮರ್ ಕಣಗಳು ನೀರಿನಲ್ಲಿ ಹರಡಿರುವ ದ್ರವವನ್ನು, ಗಾಜಿನ ಬಾಟಲಿಗೆ ಹಾಕಿ ಬೆಳಕಿಗೆ ಹಿಡಿದಾಗ, ಅದು ಅಚ್ಚ ಹಾಲಿನಂತೆ ಬೆಳ್ಳಗಿದೆಯೋ ಅಥವಾ ಅಂಚಿನಲ್ಲಿ ತುಸು ನೀಲಿ ಛಾಯೆ ತೋರುತ್ತಿದೆಯೋ ಎಂಬುದನ್ನು ಈ ಕೆಲಸದಲ್ಲಿ ಪಳಗಿದವರು ಎಲ್ಲಕ್ಕಿಂತ ಮೊದಲು ನೋಡುತ್ತಾರೆ. ನೀಲಿ ಕಂಡರೆ ಕಣಗಳು ಸಣ್ಣವು, ನೂರು ನ್ಯಾನೊಮೀಟರಿನ ಆಸುಪಾಸಿನವು ಎಂದು ಅಂದಾಜಿಸಬಹುದು. ಕಣ ಸಣ್ಣದಾದಷ್ಟೂ ಒಟ್ಟು ಮೇಲ್ಮೈ ಹಿಗ್ಗುತ್ತದೆ, ಮೇಲ್ಮೈ ಹಿಗ್ಗಿದಷ್ಟೂ ಅದನ್ನು ಹೊದಿಸಿ ಕಣಗಳು ಒಂದಕ್ಕೊಂದು ಅಂಟದಂತೆ ಕಾಯಲು ಸರ್ಫ್ಯಾಕ್ಟಂಟ್, ಅಂದರೆ ನಾವು ರೂಢಿಯಲ್ಲಿ ಸಾಬೂನು ಎನ್ನುವ ವಸ್ತು, ಹೆಚ್ಚು ಬೇಕಾಗುತ್ತದೆ. ಜಲಾಧಾರಿತ ಬಣ್ಣ ಮತ್ತು ಅಂಟುಗಳನ್ನು ಇನ್ನಷ್ಟು ಹಸಿರಾಗಿಸುವ ಪ್ರಯತ್ನಗಳಲ್ಲಿ ನನಗೆ ಅತಿ ಮುಖ್ಯವೆನಿಸುವುದು ಈ ಸಾಬೂನಿನ ಲೆಕ್ಕವೇ.

ವಿಧಾನದ ತಿರುಳು ಸರಳ. ನೀರಿನಲ್ಲಿ ಸಾಬೂನಿನ ಅಣುಗಳು ಗುಂಪುಗೂಡಿ ಮಿಸೆಲ್‌ಗಳಾಗುತ್ತವೆ. ಪರ್ಸಲ್ಫೇಟಿನಂಥ ನೀರಿನಲ್ಲಿ ಕರಗುವ ಆರಂಭಕವು 70–80 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಡೆದು ಹುಟ್ಟಿಸುವ, ಚುರುಕಾಗಿ ವರ್ತಿಸುವ ಅಣುತುಣುಕುಗಳಾದ ರ‍್ಯಾಡಿಕಲ್‌ಗಳು ಮಿಸೆಲ್‌ಗಳನ್ನು ಹೊಕ್ಕು, ಅಲ್ಲಿ ಪಾಲಿಮರಿನ ಬಿಡಿ ಅಣುಗಳಾದ ಮಾನೊಮರ್‌ಗಳನ್ನು ಸರಪಳಿಯಾಗಿ ಹೆಣೆಯುತ್ತವೆ. ಹೊರಬೀಳುವ ಶಾಖವನ್ನು ನೀರೇ ಹೀರಿಕೊಳ್ಳುತ್ತದೆ, ಸರಪಳಿ ಎಷ್ಟೇ ಉದ್ದವಾದರೂ ದ್ರವ ಗಟ್ಟಿಯಾಗುವುದಿಲ್ಲ. 1948ರಲ್ಲಿ ಸ್ಮಿತ್ ಮತ್ತು ಎವರ್ಟ್ ಎಂಬ ವಿಜ್ಞಾನಿಗಳು ಈ ಕ್ರಿಯೆಗೆ ರೂಪಿಸಿಕೊಟ್ಟ ಗಣಿತವನ್ನು ಇಂದಿಗೂ ಪಾಠದ ಮೊದಲಲ್ಲೇ ಕಲಿಸುತ್ತಾರೆ.

ನೀರು ಆರಿಹೋದ ಮೇಲೆ ಕಣಗಳು ಒಂದನ್ನೊಂದು ಒತ್ತಿ, ಆಕಾರ ಕಳೆದುಕೊಂಡು, ಬೆಸೆದುಕೊಂಡು ಪದರವಾಗಬೇಕು, ಆದರೆ ಸಾಬೂನು ಎಲ್ಲಿಗೂ ಆರಿಹೋಗುವುದಿಲ್ಲ. ಅದು ಕಣಗಳ ನಡುವಿನ ಸಂದುಗಳಲ್ಲಿ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಮೇಲ್ಮೈಗೆ ಸರಿಯುತ್ತದೆ. ಗಾಜಿನ ಪಟ್ಟಿಯ ಮೇಲೆ ಒಣಗಿಸಿದ ತಿಳಿಯಾದ ಪದರದ ಮೇಲೆ ಒಂದು ಹನಿ ನೀರು ಬಿಟ್ಟು ಕಾದು ನೋಡಿದರೆ ಅದರ ಇರವು ಗೊತ್ತಾಗುತ್ತದೆ: ಹನಿಯ ಕೆಳಗೆ ಪದರ ಮಬ್ಬಾಗಿ ಕ್ರಮೇಣ ಬೆಳ್ಳಗಾಗುತ್ತದೆ, ಏಕೆಂದರೆ ಸಂದುಗಳಲ್ಲಿ ಕುಳಿತ ಸಾಬೂನು ನೀರನ್ನು ಒಳಗೆಳೆದುಕೊಂಡಿರುತ್ತದೆ. ಇಂಥ ಸಾಬೂನಾಗಿ ಬಹುಕಾಲ ಬಳಕೆಯಲ್ಲಿದ್ದ ನೊನೈಲ್‌ಫೀನಾಲ್ ಇಥಾಕ್ಸಿಲೇಟ್‌ಗಳ ವಿಷಯ ಇನ್ನೂ ಗಂಭೀರ. ಅವು ಪರಿಸರದಲ್ಲಿ ಒಡೆದಾಗ ಉಳಿಯುವ ನೊನೈಲ್‌ಫೀನಾಲ್ ಜಲಚರಗಳ ಹಾರ್ಮೋನು ವ್ಯವಸ್ಥೆಯನ್ನು ಕೆಡಿಸುತ್ತದೆ.

ಹಾಗಾದರೆ ಸಾಬೂನನ್ನೇ ಕಡಿಮೆ ಮಾಡಿದರಾಯಿತಲ್ಲ ಎನ್ನಿಸುವುದು ಸಹಜ, ನಾನೂ ಒಮ್ಮೆ ಹಾಗೆಯೇ ಅಂದುಕೊಂಡು ಅರ್ಧಕ್ಕಿಳಿಸಿದ್ದೆ. ಮಾನೊಮರ್ ಪೂರೈಕೆ ಮುಗಿಯುವ ಮೊದಲೇ ಕಲಕುವ ಅಲಗುಗಳಿಗೆ ರಬ್ಬರಿನಂಥ ಗಂಟುಗಳು ಮೆತ್ತಿಕೊಂಡವು, ಅವನ್ನು ಕೈಯಿಂದ ಕೆರೆದು ತೆಗೆಯುವಷ್ಟರಲ್ಲಿ ದಿನ ಮುಗಿದಿತ್ತು. ಹಾಗೆ ವ್ಯರ್ಥವಾಗುವ ಪಾಲಿಮರನ್ನು ಹಸಿರೆನ್ನಲು ಬರುವುದಿಲ್ಲ.

ಇದಕ್ಕೆ ಈಗ ಬಳಕೆಗೆ ಬಂದಿರುವ ಉತ್ತಮ ಪರಿಹಾರವೆಂದರೆ ಕ್ರಿಯೆಯಲ್ಲಿ ತಾನೂ ಪಾಲ್ಗೊಳ್ಳುವ ಸರ್ಫ್ಯಾಕ್ಟಂಟ್. ಅದರ ಅಣುವಿನಲ್ಲಿ ಒಂದು ದ್ವಿಬಂಧವಿರುವುದರಿಂದ ಅದು ಕಣದ ಮೇಲ್ಮೈಗೆ ರಾಸಾಯನಿಕವಾಗಿ ಕಟ್ಟಿಕೊಂಡು, ಪದರ ಒಣಗಿದ ಮೇಲೂ ಇದ್ದಲ್ಲೇ ಇರುತ್ತದೆ. ಆದರೆ ಸೂಕ್ಷ್ಮವಿರುವುದು ವೇಗದಲ್ಲಿ: ಬೇಗನೆ ಸೇರಿಕೊಂಡರೆ ಬೆಳೆಯುತ್ತಿರುವ ಕಣದೊಳಗೆ ಹೂತುಹೋಗಿ ಹೊರಮೈ ಬರಿದಾಗುತ್ತದೆ, ತೀರಾ ನಿಧಾನವಾದರೆ ಕಟ್ಟಿಕೊಳ್ಳದೆ ಉಳಿದು ಹಳೆಯ ಸಾಬೂನಿನಂತೆಯೇ ವರ್ತಿಸುತ್ತದೆ. ಆರಂಭದಲ್ಲಿ ಸುಮ್ಮನಿದ್ದು ಕೊನೆಯ ಹಂತದಲ್ಲಿ ಸೇರಿಕೊಳ್ಳುವಂಥದ್ದೇ ನಮಗೆ ಬೇಕು. ಸಿಲಿಕಾ ಅಥವಾ ನ್ಯಾನೊಸೆಲ್ಯುಲೋಸ್ ಕಣಗಳನ್ನೇ ಸಾಬೂನಿನ ಬದಲು ಹೊದಿಸುವ ಪಿಕರಿಂಗ್ ವಿಧಾನವೂ ಇದೆ. ಆಸ್ಟ್ರೇಲಿಯಾದ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಒ ವಿಜ್ಞಾನಿಗಳು 1998ರಲ್ಲಿ ಪ್ರಕಟಿಸಿದ ರಾಫ್ಟ್ ವಿಧಾನದಿಂದ, ಅಂದರೆ ಸರಪಳಿಯ ಬೆಳವಣಿಗೆಯನ್ನು ಹತೋಟಿಯಲ್ಲಿಡುವ ವಿಧಾನದಿಂದ, ನೀರನ್ನು ಮೆಚ್ಚುವ ಸರಪಳಿಯೊಂದನ್ನು ಬೆಳೆಸಿ ಅದನ್ನೇ ಸಾಬೂನಿನ ಬದಲು ಸ್ಥಿರಕಾರಿಯಾಗಿಸಬಹುದು. ಆದರೆ ಅದಕ್ಕೆ ಬೇಕಾದ ಗಂಧಕಯುಕ್ತ ಸಂಯುಕ್ತಗಳ ಬಣ್ಣವೂ ವಾಸನೆಯೂ ಗೋಡೆಯ ಬಣ್ಣಕ್ಕೆ ಹೊಂದುವಂಥವಲ್ಲ.

ಪದರ ಕಟ್ಟುವಲ್ಲಿ ಇನ್ನೊಂದು ಇಕ್ಕಟ್ಟಿದೆ. ಮೀಥೈಲ್ ಮೆಥಾಕ್ರಿಲೇಟಿನ ಪಾಲಿಮರ್ ಸುಮಾರು 105 ಡಿಗ್ರಿಯವರೆಗೆ ಗಾಜಿನಂತೆ ಗಟ್ಟಿಯಾಗಿರುತ್ತದೆ, ಬ್ಯೂಟೈಲ್ ಅಕ್ರಿಲೇಟಿನದು ಸೊನ್ನೆಗಿಂತ ಸುಮಾರು 50 ಡಿಗ್ರಿ ಕೆಳಗಿನವರೆಗೂ ಮೆದುವಾಗಿಯೇ ಇರುತ್ತದೆ. ಎರಡನ್ನೂ ಬೆರೆಸಿ ಮೆದು ಕಣ ಮಾಡಿದರೆ ಪದರವೇನೋ ಕಟ್ಟುತ್ತದೆ, ಆದರೆ ಜಿಗುಟಾಗಿ ದೂಳು ಹಿಡಿಯುತ್ತದೆ. ಗಟ್ಟಿ ಕಣ ಮಾಡಿದರೆ ಪದರ ಬಿರುಕು ಬಿಡುತ್ತದೆ. ಹಳೆಯ ದಾರಿಯೆಂದರೆ ಗಟ್ಟಿ ಕಣವನ್ನು ತಾತ್ಕಾಲಿಕವಾಗಿ ಮೆದುಗೊಳಿಸಿ ನಿಧಾನವಾಗಿ ಆವಿಯಾಗುವ ದ್ರಾವಕವನ್ನು ಬೆರೆಸುವುದು. ಜಲಾಧಾರಿತ ಬಣ್ಣದಲ್ಲೂ ದ್ರಾವಕ ನುಸುಳುವುದು ಹೀಗೆ. ಒಳಗೋಡೆಯ ಹೊಳಪಿಲ್ಲದ ಜಲಾಧಾರಿತ ಬಣ್ಣದಲ್ಲಿ ಆವಿಯಾಗುವ ಸಾವಯವ ಪದಾರ್ಥ 2010ರಿಂದ ಲೀಟರಿಗೆ 30 ಗ್ರಾಮ್ ಮೀರಬಾರದೆಂದು ಐರೋಪ್ಯ ಒಕ್ಕೂಟದ ನಿಯಮ ಹೇಳುವುದರಿಂದ ಈ ದಾರಿ ಕಿರಿದಾಗಿದೆ. ಎರಡು ಬಗೆಯ ಮಾನೊಮರ್ ಮಿಶ್ರಣಗಳನ್ನು ಒಂದಾದ ಮೇಲೊಂದರಂತೆ ಹರಿಸಿ, ಗಟ್ಟಿ ಹೂರಣಕ್ಕೆ ಮೆದು ಹೊದಿಕೆಯಿರುವ ಕಣಗಳನ್ನು ಬೆಳೆಸಿದರೆ, ಹೊದಿಕೆಗಳು ಬೆಸೆದು ಪದರವಾಗುತ್ತವೆ, ಹೂರಣ ಬಲ ಕೊಡುತ್ತದೆ.

ಕ್ರಿಯೆಯ ಕೊನೆಯಲ್ಲಿ ಉಳಿಯುವ ಮಾನೊಮರನ್ನು ಮುಗಿಸುವುದೂ ಬೇಕು, ಏಕೆಂದರೆ ಬ್ಯೂಟೈಲ್ ಅಕ್ರಿಲೇಟ್ ಅತ್ಯಲ್ಪ ಉಳಿದರೂ ಮೂಗಿಗೆ ತಟ್ಟುತ್ತದೆ. ಈ ಕೆಲಸಕ್ಕೆ ಹಿಂದೆ ಬಳಸುತ್ತಿದ್ದ ಅಪಕರ್ಷಕವೇ, ಅಂದರೆ ಆರಂಭಕವನ್ನು ಒಡೆಯಲು ನೆರವಾಗುವ ವಸ್ತುವೇ, ಹಾನಿಕರ ಫಾರ್ಮಾಲ್ಡಿಹೈಡ್ ಬಿಡುತ್ತಿತ್ತು, ಈಗ ಆ ಜಾಗಕ್ಕೆ ಆಸ್ಕಾರ್ಬಿಕ್ ಆಮ್ಲ, ಅಂದರೆ ವಿಟಮಿನ್ ಸಿ, ಬಂದಿದೆ.

ಸಸ್ಯಮೂಲದ ಮಾನೊಮರ್‌ಗಳೂ ಬರುತ್ತಿವೆ: ಸಕ್ಕರೆಯನ್ನು ಹುದುಗಿಸಿ ಪಡೆಯುವ ಇಟಕೋನಿಕ್ ಆಮ್ಲ, ಹರಳೆಣ್ಣೆಯಿಂದ ದೊರೆಯುವ 2-ಆಕ್ಟನಾಲಿನಿಂದ ಮಾಡುವ ಅಕ್ರಿಲೇಟ್. ಎಣ್ಣೆಮೂಲದ ಉದ್ದ ಸರಪಳಿಯ ಮಾನೊಮರ್‌ಗಳು ನೀರಿನಲ್ಲಿ ಬಹುತೇಕ ಕರಗದ ಕಾರಣ, ನೀರಿನಲ್ಲಿ ತೇಲುವ ಮಾನೊಮರ್ ಹನಿಯಿಂದ ಬೆಳೆಯುವ ಕಣಕ್ಕೆ ನೀರಿನ ಮೂಲಕ ಸಾಗಲಾರವು. ಅವುಗಳಿಗಾಗಿ ಹನಿಯನ್ನೇ ಅಧಿಕ ಒತ್ತಡದಲ್ಲಿ ಒಡೆದು ನ್ಯಾನೊ ಗಾತ್ರಕ್ಕಿಳಿಸಿ ಅಲ್ಲೇ ಪಾಲಿಮರಾಗಿಸುವ ಮಿನಿಎಮಲ್ಷನ್ ಬೇಕು, ಅದಕ್ಕೆ ವಿದ್ಯುತ್ತಿನ ಖರ್ಚು ಹೆಚ್ಚು. ಅಷ್ಟಾದರೂ ಬೆನ್ನೆಲುಬು ಇಂಗಾಲ-ಇಂಗಾಲದ ಬಂಧಗಳದ್ದೇ ಆಗಿರುವವರೆಗೆ, ಸಸ್ಯದಿಂದ ಬಂದ ಅಕ್ರಿಲಿಕ್ ಮಣ್ಣಿನಲ್ಲಿ ಪೆಟ್ರೋಲಿಯಂ ಮೂಲದ್ದರಷ್ಟೇ ಹಟಮಾರಿ. ಸರಪಳಿಯ ನಡುನಡುವೆ ಮುರಿಯಬಲ್ಲ ಕೊಂಡಿಗಳನ್ನು ಹೆಣೆಯಬಲ್ಲ ಸೈಕ್ಲಿಕ್ ಕೀಟೀನ್ ಅಸಿಟಾಲ್‌ಗಳು ನೀರು ತಾಗಿದರೆ ತಾವೇ ಒಡೆದುಹೋಗುವುದರಿಂದ ಎಮಲ್ಷನ್ ವಿಧಾನಕ್ಕೆ ಸುಲಭವಾಗಿ ಒಗ್ಗುವುದಿಲ್ಲ. ಅಂಥದೇ ಕೊಂಡಿಗಳನ್ನು ಹೆಣೆಯುವ, ನೀರನ್ನೂ ತಾಳಿಕೊಳ್ಳುವ ಥಯೋನೊಲ್ಯಾಕ್ಟೋನ್‌ಗಳು ಸದ್ಯಕ್ಕೆ ಪ್ರಯೋಗಾಲಯದ ಮೇಜಿನ ಮೇಲಿವೆ.