ಸಮುದ್ರದ ಪಕ್ಕದಲ್ಲೇ ಮರಳುಗಾಡು: ನಮೀಬಿಯಾದಲ್ಲಿ ಮಳೆ ಯಾಕೆ ಬರಲ್ಲ?

ಮರಳುಗಾಡು ಅಂದ ಕೂಡಲೇ ನಮಗೆ ನೆನಪಾಗುವುದು ಉರಿಬಿಸಿಲು, ಒಂಟೆ, ಖರ್ಜೂರದ ಮರ. ಅಲ್ಲಿ ಮಳೆ ಯಾಕೆ ಬರಲ್ಲ ಅಂತ ಯಾರನ್ನಾದರೂ ಕೇಳಿ ನೋಡಿ. "ಅಷ್ಟು ಸೆಕೆ ಇದ್ದರೆ ಮಳೆ ಎಲ್ಲಿಂದ ಬರಬೇಕು" ಅಂತಾರೆ. ಈ ಉತ್ತರ ಕೇಳಿದಾಗಲೆಲ್ಲ ನನಗೆ ತಾಳ್ಮೆ ಕೆಡುತ್ತದೆ. ಸೆಕೆಗೂ ಮಳೆಗೂ ಹಾಗೆಲ್ಲ ದ್ವೇಷ ಇಲ್ಲ. ಮೇ ತಿಂಗಳ ಮಂಗಳೂರಿನಲ್ಲಿ ಸೆಕೆ ಕಡಿಮೆ ಇರುತ್ತಾ? ಮುಂದಿನ ತಿಂಗಳೇ ಅಲ್ಲಿ ಆಕಾಶ ತೂತು ಬಿದ್ದ ಹಾಗೆ ಸುರಿಯಲ್ವಾ?

ಆಫ್ರಿಕಾದ ನೈಋತ್ಯ ತೀರದಲ್ಲಿರುವ ನಮೀಬಿಯಾದ ನಕ್ಷೆ ತೆಗೆದು ನೋಡಿದರೆ ನಮ್ಮ ಕರಾವಳಿಯದೇ ಇನ್ನೊಂದು ಪ್ರತಿ ಅನ್ನಿಸುತ್ತದೆ. ಪಶ್ಚಿಮಕ್ಕೆ ಸಮುದ್ರ, ಪಕ್ಕದಲ್ಲಿ ಅಗಲ ಕಡಿಮೆಯ ತಗ್ಗು ನೆಲ, ಅದರಾಚೆ ಗೋಡೆಯಂತೆ ಎದ್ದ ಘಟ್ಟ, ಘಟ್ಟದ ಮೇಲೆ ಪ್ರಸ್ಥಭೂಮಿ. ಎರಡೂ ಕಡೆ ಘಟ್ಟ ಹುಟ್ಟಿದ್ದು ಗೊಂಡ್ವಾನ ಭೂಖಂಡ ಹರಿದು ಚೂರಾದಾಗ. ಆದರೆ ಮಂಗಳೂರಿಗೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ, ನಮೀಬಿಯಾದ ಕಡಲತೀರದ ಊರು ಸ್ವಾಕೋಪ್‌ಮುಂಡ್‌ಗೆ 20 ಮಿಲಿಮೀಟರ್ ಬಂದರೆ ಹೆಚ್ಚು. ಊರ ಅಂಚಿಗೆ ಬಂದು ಅಪ್ಪಳಿಸುವುದು ಅಟ್ಲಾಂಟಿಕ್. ಇಷ್ಟೊಂದು ನೀರು ಪಕ್ಕದಲ್ಲೇ ಇದ್ದೂ ನೆಲ ಒಣಗಿ ಕೂತಿದೆ, ಅದೇ ನಮೀಬ್ ಮರಳುಗಾಡು.

ಅಲ್ಲಿಗೆ ಹೋಗುವವರೆಲ್ಲ ಸಾಮಾನ್ಯವಾಗಿ ಹಿಡಿಯುವ ದಾರಿ ಒಂದೇ. ರಾಜಧಾನಿ ವಿಂಡ್‌ಹೂಕ್‌ನಿಂದ ಹೊರಟು, ಘಟ್ಟ ಇಳಿದು, ಸೊಸಸ್‌ವ್ಲೇಯ ಮರಳದಿಬ್ಬ ನೋಡಿ, ಸ್ವಾಕೋಪ್‌ಮುಂಡ್‌ನಲ್ಲಿ ತಂಗಿ, ಅಲ್ಲಿಂದ ಉತ್ತರಕ್ಕೆ ಕಲ್ಲುಬೆಟ್ಟಗಳ ನಡುವೆ ಹಾದು, ಎಟೋಷಾ ಅಭಯಾರಣ್ಯ ಸುತ್ತಿ ವಾಪಸ್ಸು. ಲಾರಿಯ ಚಾಸಿಗೆ ಬಸ್ಸಿನ ಮೈ ಕೂರಿಸಿದಂಥ ಗಾಡಿ, ಒಬ್ಬ ಚಾಲಕ, ಒಬ್ಬ ಗೈಡ್, ಹಿಂದೆ ಡೇರೆ ಮತ್ತು ಅಡುಗೆ ಸಾಮಾನು. ರಸ್ತೆ ಬಹುಪಾಲು ಜಲ್ಲಿ. ಸೊಸಸ್‌ವ್ಲೇಗೆ ಕೊನೆಯ ಐದು ಕಿಲೋಮೀಟರ್ ಬರೀ ಮರಳು, ಅಲ್ಲಿ ನಾಲ್ಕೂ ಚಕ್ರ ಎಳೆಯುವ ಗಾಡಿಯೇ ಬೇಕು. ಚಾಲಕ ಇಳಿದು ಟೈರಿನ ಗಾಳಿ ಬಿಡುತ್ತಾನೆ. ಟೈರ್ ಚಪ್ಪಟೆಯಾಗಿ ನೆಲಕ್ಕೆ ಹೆಚ್ಚು ತಾಗುತ್ತದೆ, ಭಾರ ಹಂಚಿಹೋಗುತ್ತದೆ, ಗಾಡಿ ಹೂತುಕೊಳ್ಳುವುದಿಲ್ಲ. ದಾರಿಯುದ್ದಕ್ಕೂ ಗೈಡ್‌ಗಳು ಪ್ರಾಣಿಯ ಹೆಸರು, ದಿಬ್ಬದ ಎತ್ತರ ಹೇಳುತ್ತಾರೆ. ಇಡೀ ದಾರಿಯನ್ನು ಒಂದೇ ದಾರದಲ್ಲಿ ಪೋಣಿಸುವ ಸಂಗತಿ ಮಾತ್ರ ಕಡಲೊಳಗಿದೆ, ಗಾಡಿಯ ಕಿಟಕಿಯಿಂದ ಕಾಣುವುದಿಲ್ಲ.

ಅದರ ಹೆಸರು ಬೆಂಗುಯೆಲಾ ಪ್ರವಾಹ. ಆಫ್ರಿಕಾದ ದಕ್ಷಿಣ ತುದಿಯ ಕಡೆಯಿಂದ ಉತ್ತರಕ್ಕೆ, ದಡಕ್ಕೆ ಅಂಟಿಕೊಂಡಂತೆ ಹರಿಯುವ ತಣ್ಣೀರು. ದಕ್ಷಿಣದಿಂದ ಬರುವುದಕ್ಕೇ ತಣ್ಣಗಿದೆ ಅಂದುಕೊಂಡರೆ ಅರ್ಧ ಮಾತ್ರ ಸರಿ. ಅಲ್ಲಿ ವರ್ಷವಿಡೀ ದಕ್ಷಿಣದ ಗಾಳಿ ದಡದ ಉದ್ದಕ್ಕೂ ಬೀಸುತ್ತದೆ. ಭೂಮಿ ತಿರುಗುತ್ತಿರುವುದರಿಂದ, ದಕ್ಷಿಣಾರ್ಧಗೋಳದಲ್ಲಿ ಗಾಳಿ ತಳ್ಳಿದ ನೀರು ಗಾಳಿಯ ಎಡಕ್ಕೆ ವಾಲುತ್ತದೆ, ಅಂದರೆ ದಡ ಬಿಟ್ಟು ಆಳ ಸಮುದ್ರದ ಕಡೆಗೆ. ಮೇಲಿನ ನೀರು ಹಾಗೆ ಜರುಗಿದಾಗ ಖಾಲಿ ಜಾಗ ತುಂಬಲು ತಳದ ನೀರು ಮೇಲೇಳಬೇಕು. ತಳದ್ದು ಬಿಸಿಲು ಕಾಣದ ನೀರು, ಕೊರೆಯುವಷ್ಟು ತಣ್ಣಗಿರುತ್ತದೆ. ಹಾಗಾಗಿ ದಡದ ಹತ್ತಿರದ ಕಡಲು 15 ಡಿಗ್ರಿ ಆಸುಪಾಸು. ನಮ್ಮ ಅರಬ್ಬಿ ಸಮುದ್ರ ಮುಂಗಾರಿಗೆ ಮುಂಚೆ 29-30 ಡಿಗ್ರಿ ಮುಟ್ಟುತ್ತದೆ.

ಈಗ ಮೇಲಿನ ಗಾಳಿ ನೋಡೋಣ. ಆ ಅಕ್ಷಾಂಶದಲ್ಲಿ ಗಾಳಿ ಎತ್ತರದಿಂದ ಕೆಳಗೆ ಇಳಿಯುತ್ತಿರುತ್ತದೆ. ಇಳಿಯುವ ಗಾಳಿ ಒತ್ತಡಕ್ಕೆ ಸಿಕ್ಕಿ ಬಿಸಿಯಾಗುತ್ತದೆ, ಒಣಗುತ್ತದೆ. ಹೀಗೆ ಕೆಳಗೆ ತಣ್ಣೀರಿಗೆ ತಾಗಿ ತಣ್ಣಗಾದ ತೇವದ ಗಾಳಿ, ಮೇಲೆ ಬಿಸಿ ಒಣಗಾಳಿ. ಮಾಮೂಲಿಗಿಂತ ಉಲ್ಟಾ. ತಣ್ಣನೆ ಗಾಳಿ ಭಾರ, ಅದು ತಾನಾಗಿ ಮೇಲೆ ಹೋಗದು. ಬಿಸಿಗಾಳಿ ಪಾತ್ರೆಯ ಮುಚ್ಚಳದ ಹಾಗೆ ಮೇಲೆ ಕೂತುಬಿಡುತ್ತದೆ. ಮಳೆ ಬರಬೇಕಾದರೆ ತೇವದ ಗಾಳಿ ಕಿಲೋಮೀಟರುಗಟ್ಟಲೆ ಮೇಲೇರಿ, ಅಲ್ಲಿ ತಣಿದು, ಹನಿ ಕಟ್ಟಿ ದಪ್ಪವಾಗಬೇಕು. ಇಲ್ಲಿ ಕೆಲವು ನೂರು ಮೀಟರ್ ಏರುವಷ್ಟರಲ್ಲಿ ಮುಚ್ಚಳ ತಲೆಗೆ ತಗಲುತ್ತದೆ. ಇದನ್ನು ನೋಡಲು ನಮೀಬಿಯಾಕ್ಕೇ ಹೋಗಬೇಕಾಗಿಲ್ಲ. ಡಿಸೆಂಬರ್ ಬೆಳಿಗ್ಗೆ ನಮ್ಮ ಬಯಲುಸೀಮೆಯ ಯಾವ ಹಳ್ಳಿಯಲ್ಲಾದರೂ ಒಲೆಯ ಹೊಗೆ ಸ್ವಲ್ಪ ಮೇಲೆ ಹೋಗಿ, ಆಮೇಲೆ ಏರಲಾರದೆ ಅಡ್ಡಡ್ಡ ಹಾಸಿಕೊಂಡು ನಿಲ್ಲುವುದನ್ನು ಗಮನಿಸಿ. ಅದೂ ಇದೇ. ನಮ್ಮಲ್ಲಿ ಬಿಸಿಲೇರಿದರೆ ಮುಗಿಯಿತು, ಅಲ್ಲಿ ಹೆಚ್ಚುಕಡಿಮೆ ವರ್ಷವಿಡೀ. ಪೂರ್ವದ ಹಿಂದೂ ಮಹಾಸಾಗರದಿಂದ ಬರುವ ತೇವವೋ, ಇಡೀ ಖಂಡ ದಾಟಿ ಘಟ್ಟ ಇಳಿಯುವಷ್ಟರಲ್ಲಿ ಖರ್ಚಾಗಿರುತ್ತದೆ.

ಆ ತೇವದ ಗಾಳಿ ಎಲ್ಲಿಗೆ ಹೋಗುತ್ತದೆ ಹಾಗಾದರೆ? ಮಂಜಾಗುತ್ತದೆ. ಮುಚ್ಚಳದ ಕೆಳಗೆ ತೆಳ್ಳಗೆ ಮೋಡ ಕಟ್ಟಿ, ರಾತ್ರಿ ದಡ ಹತ್ತಿ, 50-60 ಕಿಲೋಮೀಟರ್, ಕೆಲವೊಮ್ಮೆ ಇನ್ನೂ ಜಾಸ್ತಿ ಒಳಗೆ ನುಗ್ಗುತ್ತದೆ. ಸ್ವಾಕೋಪ್‌ಮುಂಡ್‌ನಲ್ಲಿ ಬೆಳಿಗ್ಗೆ ಎದ್ದರೆ ಎದುರಿನ ಬೀದಿ ಕಾಣಲ್ಲ, ಸ್ವೆಟರ್ ಬೇಕು. ತಮಾಷೆ ಏನೆಂದರೆ ಆ ಊರಿನ ತೀರಾ ಬಿಸಿ ದಿನಗಳು ಚಳಿಗಾಲದಲ್ಲಿ ಬರುತ್ತವೆ. ಪ್ರಸ್ಥಭೂಮಿಯಿಂದ ಪೂರ್ವದ ಗಾಳಿ ಘಟ್ಟ ಇಳಿಯುತ್ತಾ ಕಾದು, ಮರಳು ಹೊತ್ತು ಬಂದು ಊರಿನ ಮೇಲೆ ಬೀಳುತ್ತದೆ.

ಕುಯಿಸೆಬ್ ನದಿಯ ದಂಡೆಯಲ್ಲಿ ಗೊಬಾಬೆಬ್ ಅಂತ ಒಂದು ಸಂಶೋಧನಾ ಕೇಂದ್ರ ಇದೆ, 1962ರಲ್ಲಿ ಶುರುವಾದದ್ದು. ಅಲ್ಲಿ ಅಳೆದಾಗ ಸಾಧಾರಣ ವರ್ಷದಲ್ಲಿ ಮಳೆಗಿಂತ ಮಂಜಿನಿಂದ ಸಿಗುವ ನೀರೇ ಹೆಚ್ಚು. ಜೀವಿಗಳು ಬಿಟ್ಟಾವೆಯೇ? ದಿಬ್ಬದ ಮೇಲಿನ ಒಂದು ಹುಲ್ಲು ಎಲೆಯ ಮೇಲೆ ಕೂತ ಮಂಜಿನ ಹನಿಯನ್ನು ಬುಡಕ್ಕೆ ಹರಿಸಿಕೊಂಡು, ಮರಳಿನ ಮೇಲುಪದರದಲ್ಲೇ ಅಗಲಕ್ಕೆ ಹರಡಿದ ಬೇರಿನಿಂದ ಕುಡಿಯುತ್ತದೆ. ಒಂದು ಹಲ್ಲಿ ಇದೆ, ಮೈ ಎಷ್ಟು ತೆಳು ಅಂದರೆ ಬೆಳಕಿಗೆ ಹಿಡಿದಂತೆ ಒಳಗಿನದೆಲ್ಲ ಗುಲಾಬಿ ಬಣ್ಣಕ್ಕೆ ಕಾಣುತ್ತದೆ, ಕಾಲ್ಬೆರಳಿಗೆ ಬಾತುಕೋಳಿಯಂತೆ ಪೊರೆ. ಅದಕ್ಕೆ ರೆಪ್ಪೆ ಇಲ್ಲ. ಕಣ್ಣಗುಡ್ಡೆಯ ಮೇಲೆ ಕೂತ ಮಂಜಿನ ಹನಿಯನ್ನು ನಾಲಿಗೆ ಚಾಚಿ ತಾನೇ ನೆಕ್ಕುತ್ತದೆ. ಸ್ವಾಕೋಪ್‌ಮುಂಡ್ ಸುತ್ತಿನ ದಿಬ್ಬಗಳಲ್ಲಿ ಗೈಡ್‌ಗಳು ಮರಳು ಕೆದಕಿ ಇದನ್ನು ತೋರಿಸುತ್ತಾರೆ. ಒಂದು ನಿಮಿಷ ನೋಡಿ ಮತ್ತೆ ಹೂತು ಬಿಡಬೇಕು, ಬಿಸಿಲಿಗೆ ಸುಟ್ಟುಹೋಗುತ್ತದೆ.

ಇನ್ನು ಆ ಪ್ರಸಿದ್ಧ ಜೀರುಂಡೆ. ಮೊಬೈಲಿನಲ್ಲಿ ಎಲ್ಲರೂ ನೋಡಿರುತ್ತೀರಿ: ಬೆನ್ನ ಮೇಲೆ ಗುಳ್ಳೆಗುಳ್ಳೆ, ಗುಳ್ಳೆಯ ತುದಿ ನೀರು ಹಿಡಿಯುತ್ತದೆ, ನಡುವಿನ ಮೇಣದ ತಗ್ಗು ನೀರನ್ನು ಜಾರಿಸುತ್ತದೆ, ಜೀರುಂಡೆ ಕುಡಿಯುತ್ತದೆ. 2001ರಲ್ಲಿ ಈ ವಿಚಾರ ಪ್ರಕಟವಾಯಿತು, ಆಮೇಲೆ ಜೀರುಂಡೆ ಬೆನ್ನು ನೋಡಿ ಬಾಟಲಿ ಮಾಡ್ತೀವಿ, ಬಲೆ ಮಾಡ್ತೀವಿ ಅಂತ ಎಷ್ಟೋ ಜನ ಹೊರಟರು. ಆದರೆ ನೀರು ಕುಡಿಯಲು ಜೀರುಂಡೆ ಮಂಜಿನಲ್ಲಿ ತಲೆಕೆಳಗಾಗಿ ನಿಲ್ಲುವುದನ್ನು 1976ರಲ್ಲೇ ಹ್ಯಾಮಿಲ್ಟನ್ ಮತ್ತು ಮೇರಿ ಸೀಲಿ ಎಂಬ ವಿಜ್ಞಾನಿಗಳು ದಾಖಲಿಸಿದ್ದು ಬೇರೆಯೇ ಜಾತಿಯಲ್ಲಿ, ಒನಿಮ್ಯಾಕ್ರಿಸ್ ಉಂಗ್ವಿಕ್ಯುಲಾರಿಸ್ ಎಂಬುದರಲ್ಲಿ. ಅದರ ಬೆನ್ನಿನಲ್ಲಿ ಆ ಥರ ಗುಳ್ಳೆ ಇಲ್ಲ. 2010ರಲ್ಲಿ ನಾಲ್ಕು ಜಾತಿಗಳನ್ನು ಮಂಜಿನ ಕೋಣೆಯಲ್ಲಿಟ್ಟು ನೋಡಿದಾಗ ತಲೆ ಕೆಳಗೆ ಮಾಡಿ ನಿಂತದ್ದು ಇದೊಂದೇ. ಗುಳ್ಳೆಯ ಜೀರುಂಡೆ ಆ ಗೊಡವೆಗೇ ಹೋಗಲಿಲ್ಲ. ಬೆನ್ನಿನ ಮೇಲ್ಮೈಗಿಂತ ನಿಲ್ಲುವ ಭಂಗಿಯೇ ಮುಖ್ಯ ಅಂತ ಕಂಡುಬಂತು.

ಆ ಭಂಗಿಯನ್ನೇ ಸ್ವಲ್ಪ ನೋಡಿ. ಈ ಒನಿಮ್ಯಾಕ್ರಿಸ್ ಹಗಲಿನ ಜೀವಿ, ಚಳಿಯಲ್ಲಿ ಮರಳೊಳಗೆ ಮಲಗಿರಬೇಕು. ಮಂಜು ಬಂದ ರಾತ್ರಿ ಮಾತ್ರ ಎದ್ದು, ಮರಗಟ್ಟಿದ ಕಾಲಲ್ಲೇ ದಿಬ್ಬದ ನೆತ್ತಿ ಹತ್ತುತ್ತದೆ. ಅಲ್ಲಿ ಗಾಳಿ ಜೋರು, ಮಂಜು ದಟ್ಟ. ಗಾಳಿಗೆ ಎದುರಾಗಿ ತಲೆ ತಗ್ಗಿಸಿ, ಹಿಂಗಾಲು ನೀಟಿ ಹಿಂಭಾಗ ಎತ್ತಿ ನಿಲ್ಲುತ್ತದೆ. ಬೆನ್ನಿಗೆ ಬಡಿದ ಹನಿಗಳು ಒಂದಕ್ಕೊಂದು ಸೇರಿ ಬಾಯಿಗೆ ಇಳಿಯುತ್ತವೆ. ಒಂದೇ ಬೆಳಗಿನಲ್ಲಿ ಕೆಲವು ಜೀರುಂಡೆಗಳು ಮೈತೂಕದ ಮೂರನೇ ಒಂದು ಪಾಲಿನಷ್ಟು ನೀರು ಕುಡಿದದ್ದಿದೆ. ಇದಕ್ಕೆ ಸೋದರಸಂಬಂಧಿಯಾದ ಇನ್ನೊಂದು ಗುಂಪಿನದು ಬೇರೆ ಉಪಾಯ: ಮರಳಿನಲ್ಲಿ ಸಣ್ಣ ಬದು ಕಟ್ಟಿ, ಬದು ಹಿಡಿದ ತೇವ ಹೀರುತ್ತದೆ.

ಮರಳಿನ ಕಥೆಯೂ ನೀರಿನದೇ. ಸೊಸಸ್‌ವ್ಲೇಯ ಕೆಂಪು ದಿಬ್ಬಗಳು 300 ಮೀಟರ್ ದಾಟುತ್ತವೆ, ಆ ಮರಳು ಅಲ್ಲಿಯದಲ್ಲ. ಬಹುಪಾಲು ಆರೆಂಜ್ ನದಿ ಲೆಸೋಥೋ ಬೆಟ್ಟಗಳ ಕಡೆಯಿಂದ ಕೊಚ್ಚಿ ತಂದು ಅಟ್ಲಾಂಟಿಕ್‌ಗೆ ಸುರಿದದ್ದು. ಅಲೆಗಳು ಅದನ್ನು ದಡಗುಂಟ ಉತ್ತರಕ್ಕೆ ಒಯ್ದವು, ಆ ದಕ್ಷಿಣದ ಗಾಳಿ ಒಳನಾಡಿಗೆ ತೂರಿತು. ಮರಳಿನ ಜೊತೆ ವಜ್ರವೂ ಬಂತು. 1908ರಲ್ಲಿ ರೈಲುಹಳಿಯ ಮರಳು ತೆಗೆಯುತ್ತಿದ್ದ ಝಕರಿಯಾಸ್ ಲೆವಾಲಾ ಎಂಬ ಕೂಲಿಕಾರನಿಗೆ ಹೊಳೆಯುವ ಕಲ್ಲು ಸಿಕ್ಕಿತು, ಅದನ್ನು ಮೇಲಧಿಕಾರಿ ಆಗುಸ್ಟ್ ಸ್ಟೌಖ್‌ಗೆ ಕೊಟ್ಟ. ಶ್ರೀಮಂತನಾದದ್ದು ಸ್ಟೌಖ್. ಅದಕ್ಕೆ ನಾಲ್ಕು ವರ್ಷ ಮುಂಚೆ, 1904ರಲ್ಲಿ, ಆಗ ಈ ದೇಶವನ್ನು ಆಳುತ್ತಿದ್ದ ಜರ್ಮನ್ ಆಡಳಿತ ಇಲ್ಲಿಯ ಮೂಲನಿವಾಸಿ ಹೆರೆರೋ ಜನರನ್ನು ಪೂರ್ವದ ಒಮಹೆಕೆ ಮರಳುಗಾಡಿಗೆ ಅಟ್ಟಿ, ನೀರಿನ ಗುಂಡಿಗಳಿಗೆ ಕಾವಲು ಹಾಕಿ ಬಾಯಾರಿ ಸಾಯುವಂತೆ ಮಾಡಿತ್ತು. ಅದು ನರಮೇಧ ಎಂದು ಜರ್ಮನಿ ಒಪ್ಪಿದ್ದು 2021ರಲ್ಲಿ. ಸ್ವಾಕೋಪ್‌ಮುಂಡ್‌ನ ಚೆಂದದ ಜರ್ಮನ್ ಕಟ್ಟಡಗಳ ಮುಂದೆ ಫೋಟೋ ತೆಗೆಸಿಕೊಳ್ಳುವವರು ಊರಂಚಿನ ಹೆಸರಿಲ್ಲದ ಗೋರಿಗಳನ್ನೂ ಒಮ್ಮೆ ನೋಡಿ ಬರಬೇಕು.

ಸೊಸಸ್‌ವ್ಲೇ ಪಕ್ಕದ ಡೆಡ್‌ವ್ಲೇಯಲ್ಲಿ ಕಪ್ಪಗೆ ನಿಂತ ಮರಗಳ ಫೋಟೋ ನೋಡಿರಬಹುದು. ಅವು ಕಲ್ಲಾದ ಮರಗಳು ಅಂತ ಗೈಡ್‌ಗಳೇ ಹೇಳುವುದುಂಟು. ಕಲ್ಲಾಗಿಲ್ಲ, ಇವತ್ತಿಗೂ ಕಟ್ಟಿಗೆಯೇ, ನಮ್ಮ ಜಾಲಿಯ ಬಳಗದ್ದು. ದಿಬ್ಬಗಳು ನದಿಯ ದಾರಿ ಮುಚ್ಚಿದವು, ಮರಗಳು ಸತ್ತವು, ಸತ್ತು 600-700 ವರ್ಷ ಆಗಿರಬೇಕು ಅಂತ ಅಂದಾಜು. ಕೊಳೆಯುವುದಕ್ಕೂ ತೇವ ಬೇಕಲ್ಲ, ಅದಿಲ್ಲದೆ ಹಾಗೇ ನಿಂತಿವೆ.

ಹುಲ್ಲುಗಾವಲಿನಲ್ಲಿ ಬಟ್ಟಲು ಕವುಚಿ ಒತ್ತಿದ ಹಾಗೆ ಕಾಣುವ ಬೋಳು ವೃತ್ತಗಳ ಬಗ್ಗೆಯೂ ಎರಡು ಮಾತು. ಪ್ರವಾಸಿಗರಿಗೆ ಡ್ರ್ಯಾಗನ್ನಿನ ಉಸಿರು, ಹಾರುವ ತಟ್ಟೆ ಅಂತೆಲ್ಲ ಮಾರಲಾಗುತ್ತದೆ. ವಿಜ್ಞಾನಿಗಳಲ್ಲಿ ಒಂದು ಬಣ ಮರಳಿನ ಗೆದ್ದಲು ಹುಲ್ಲಿನ ಬೇರು ತಿಂದದ್ದು ಅನ್ನುತ್ತದೆ, ಇನ್ನೊಂದು ಬಣ ಹುಲ್ಲುಗಳೇ ನೀರಿಗೆ ಪೈಪೋಟಿ ಬಿದ್ದು ತಾವಾಗಿ ಆ ವಿನ್ಯಾಸ ಮಾಡಿಕೊಂಡವು ಅನ್ನುತ್ತದೆ. ಜಗಳ ಮುಗಿದಿಲ್ಲ. ಡ್ರ್ಯಾಗನ್ನಿಗಿಂತ ಈ ಜಗಳವೇ ನನಗೆ ರುಚಿ.

ಕಡಲ ಕಡೆ ಹೊರಳಿದರೆ ಅದೇ ತಣ್ಣೀರು ಇನ್ನೊಂದು ಮುಖ ತೋರಿಸುತ್ತದೆ. ತಳದಿಂದೆದ್ದ ನೀರಿನಲ್ಲಿ ಪೋಷಕಾಂಶ ತುಂಬಿರುತ್ತದೆ, ಅದರಿಂದ ಪಾಚಿ, ಪಾಚಿಯಿಂದ ಮೀನು, ಮೀನಿನಿಂದ ಕೇಪ್ ಕ್ರಾಸ್‌ನ ಬಂಡೆಗಳ ಮೇಲೆ ಸಾವಿರಾರು ಸೀಲ್‌ಗಳು. ವಾಸನೆ ಮೂಗು ಮುಚ್ಚಿದರೂ ಬಿಡಲ್ಲ. ಸತ್ತ ಮರಿಗಳಿಗಾಗಿ ನರಿಗಳು ಒಳನಾಡಿನಿಂದ ನಡೆದು ಬರುತ್ತವೆ. ಮಂಜು ಹಡಗುಗಳನ್ನೂ ತಿಂದಿದೆ. 1909ರಲ್ಲಿ ಮಂಜಿನಲ್ಲಿ ದಾರಿ ತಪ್ಪಿ ಮರಳಿಗೆ ಸಿಕ್ಕಿಬಿದ್ದ ಎಡ್ವರ್ಡ್ ಬೋಲೆನ್ ಹಡಗು ಈಗ ದಡದಿಂದ ಕೆಲವು ನೂರು ಮೀಟರ್ ಒಳಗೆ, ಮರಳ ಮಧ್ಯೆ ಇದೆ. ಹಡಗು ಅಲ್ಲೇ ಇದೆ, ಮರಳು ಬಂದು ಬಂದು ದಡವೇ ಮುಂದಕ್ಕೆ ಹೋಗಿದೆ.

ಎಟೋಷಾಗೆ ಮಂಜು ತಲುಪುವುದಿಲ್ಲ, ಅಲ್ಲಿ ಲೆಕ್ಕ ಬೇರೆ. ಅಲ್ಲಿಯ ಬೇಸಿಗೆಯಲ್ಲಿ, ಅಂದರೆ ನಮ್ಮ ಚಳಿಗಾಲದ ಹೊತ್ತಿಗೆ, ಪೂರ್ವದಿಂದ ಅಷ್ಟಿಷ್ಟು ಮಳೆ, ಉಳಿದ ತಿಂಗಳು ಒಣ. ಹಾಗಾಗಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಆನೆ, ಘೇಂಡಾ, ಸಿಂಹ ಎಲ್ಲ ನೀರಿನ ಹೊಂಡಕ್ಕೆ ಬರಲೇಬೇಕು, ಪ್ರವಾಸಿಗರು ಹೊಂಡದ ಮುಂದೆ ಕೂತರೆ ಸಾಕು. ಚೀತಾ ಹುಡುಕುವವರಿಗೆ ಒಂದು ಮಾತು: ನಮೀಬಿಯಾದ ಚೀತಾಗಳಲ್ಲಿ ಹೆಚ್ಚಿನವು ಅಭಯಾರಣ್ಯದಲ್ಲಿಲ್ಲ, ಖಾಸಗಿ ದನದ ಫಾರಂಗಳಲ್ಲಿವೆ. ಅಲ್ಲಿ ಸಿಂಹದ ಕಾಟ ಕಡಿಮೆ. 2022ರ ಸೆಪ್ಟೆಂಬರ್ 17ರಂದು ಮಧ್ಯಪ್ರದೇಶದ ಕುನೋಗೆ ಬಂದಿಳಿದ ಎಂಟು ಚೀತಾಗಳು ಈ ದೇಶದವೇ.

ಸೆಕೆಯ ವಾದಕ್ಕೆ ಇನ್ನೂ ಅಂಟಿಕೊಂಡವರಿಗೆ ಕಡಲೇ ಆಗಾಗ ಪ್ರಯೋಗ ಮಾಡಿ ತೋರಿಸುತ್ತದೆ. ಕೆಲವು ವರ್ಷ ಅಂಗೋಲಾ ಕಡೆಯ ಬಿಸಿನೀರು ದಕ್ಷಿಣಕ್ಕೆ ನುಗ್ಗಿ ಬೆಂಗುಯೆಲಾದ ತಣ್ಣೀರನ್ನು ಮುಚ್ಚಿಬಿಡುತ್ತದೆ. ಬೆಂಗುಯೆಲಾ ನಿನ್ಯೋ ಅಂತಾರೆ. 1934, 1963, 1984, 1995ರಲ್ಲಿ ಹೀಗಾಯಿತು. ಸಮುದ್ರ ಬಿಸಿಯಾದರೆ ಮುಚ್ಚಳ ಸಡಿಲ, ತೇವದ ಗಾಳಿಗೆ ಮೇಲೇರಲು ದಾರಿ. ಅಂಥ ಹೊತ್ತಿನಲ್ಲಿ ಮರಳುಗಾಡಿಗೂ ಮಳೆ ಬರಬಹುದು, 1934ರಲ್ಲಂತೂ ನಮೀಬ್‌ನಲ್ಲಿ ಜೋರಾಗಿಯೇ ಸುರಿಯಿತು. ಬರಡು ಜಲ್ಲಿನೆಲದಲ್ಲಿ ವರ್ಷಗಟ್ಟಲೆ ಮಲಗಿದ್ದ ಹುಲ್ಲಿನ ಬೀಜ ಮೊಳೆಯುವುದು ಇಂಥ ಮಳೆಗೇ. ವಾಲ್ವಿಸ್ ಬೇ ಬಂದರಿನ ಮೀನುಗಾರರಿಗೆ ಮಾತ್ರ ಬಿಸಿನೀರಿನ ವರ್ಷ ಅಂದರೆ ಕೆಟ್ಟ ವರ್ಷ, ಬಲೆಗೆ ಮೀನು ಬೀಳುವುದಿಲ್ಲ.