253 ವ್ಯಾಟ್ ಒಂದು ಕಡೆ, 96 ಎಂಬಿ ಇನ್ನೊಂದು ಕಡೆ: ಎರಡು ಪ್ರೊಸೆಸರ್‌ಗಳ ಹಿಂದಿನ ಕಥೆ

ಶಿವಮೊಗ್ಗದಲ್ಲಿ ದೊಡ್ಡ ಪಿಸಿ ಕಟ್ಟಿಸಲು ಹೊರಟವರ ಮಾತು ಕೊನೆಗೆ ಎರಡು ಹೆಸರಿಗೆ ಬಂದು ನಿಲ್ಲುತ್ತದೆ. ಇಂಟೆಲ್‌ನ ಕೋರ್ ಐ9-14900ಕೆ ತಗೊಳ್ಳೋದಾ, ಎಎಂಡಿಯ ರೈಜನ್ 7 7800ಎಕ್ಸ್3ಡಿ ತಗೊಳ್ಳೋದಾ? ಎರಡೂ 2023ರಲ್ಲಿ ಬಂದವು. ಎರಡಕ್ಕಿಂತ ಹೊಸವು ಆಮೇಲೆ ಬಂದಿವೆ. ಆದರೆ ಸೆಕೆಂಡ್ ಹ್ಯಾಂಡಲ್ಲೂ ಸಿಗುವುದರಿಂದ ಈ ಪಂಚಾಯ್ತಿ ಇನ್ನೂ ಮುಗಿದಿಲ್ಲ. ನೆಹರೂ ರಸ್ತೆ ಕಡೆ ವಿಚಾರಿಸಿದರೂ, ಬೆಂಗಳೂರಿನ ಎಸ್.ಪಿ. ರೋಡಿಂದ ತರಿಸಿದರೂ ಇದೇ ಪ್ರಶ್ನೆ.

ಕಾಗದದ ಮೇಲೆ ನೋಡಿದರೆ ಪ್ರಶ್ನೆಯೇ ಇಲ್ಲ ಅನ್ನಿಸುತ್ತದೆ. ಐ9ಗೆ 24 ಕೋರ್ (ಲೆಕ್ಕ ಮಾಡುವ ಘಟಕ), 32 ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಎಳೆ), 6 ಗಿಗಾಹರ್ಟ್ಸ್ ವೇಗ. ರೈಜನ್‌ಗೆ 8 ಕೋರ್, 16 ಥ್ರೆಡ್, 5 ಗಿಗಾಹರ್ಟ್ಸ್. ಆದರೆ ಗೇಮ್ ಓಡಿಸಿದರೆ 8 ಕೋರಿನದ್ದು 24 ಕೋರಿನದ್ದಕ್ಕೆ ಸಮನಾಗಿ ನಿಲ್ಲುತ್ತದೆ, ಎಷ್ಟೋ ಗೇಮ್‌ಗಳಲ್ಲಿ ಮುಂದೆ ಹೋಗುತ್ತದೆ. ಅದೂ ಅರ್ಧದಷ್ಟು ಕರೆಂಟಿನಲ್ಲಿ! ವಿಡಿಯೊ ರೆಂಡರ್‌ಗೆ, ಅಂದರೆ ಅಂತಿಮ ಚಿತ್ರ ತಯಾರಿಸುವ ಕೆಲಸಕ್ಕೆ, ಹಾಕಿದರೆ ಲೆಕ್ಕ ಪೂರ್ತಿ ತಿರುಗುತ್ತದೆ. ಈ ವಿಚಿತ್ರಕ್ಕೆ ಉತ್ತರ ಇರುವುದು ಎರಡು ಕಂಪನಿಗಳ ನಲವತ್ತು ವರ್ಷಗಳ ಹಾದಿಯಲ್ಲಿ.

1981ರಲ್ಲಿ ಐಬಿಎಂ ತನ್ನ ಪಿಸಿಗೆ ಇಂಟೆಲ್‌ನ 8088 ಚಿಪ್ ಆರಿಸಿಕೊಂಡಿತು. ಒಬ್ಬನೇ ಮಾರಾಟಗಾರನನ್ನು ನಂಬಿ ಕೂರಲು ಐಬಿಎಂಗೆ ಇಷ್ಟವಿರಲಿಲ್ಲ. ಹಾಗಾಗಿ 1982ರಲ್ಲಿ ಎಎಂಡಿ ಅದೇ ಚಿಪ್‌ಗಳನ್ನು ಮಾಡಿಕೊಡುವ ಒಪ್ಪಂದಕ್ಕೆ ಬಂತು. 1985ರಲ್ಲಿ 386 ಚಿಪ್ ಬಂದಾಗ ಇಂಟೆಲ್ ಹಂಚಿಕೊಳ್ಳಲು ಒಪ್ಪಲಿಲ್ಲ. ಕೋರ್ಟು ಕಚೇರಿ ಎಲ್ಲಾ ಆಯಿತು. ಎಎಂಡಿಯ ಸ್ವಂತ 386 ಹೊರಬರುವಾಗ 1991.

ಆಮೇಲಿನ ಹತ್ತು ವರ್ಷ ಕ್ಲಾಕ್ ಸ್ಪೀಡಿನ, ಅಂದರೆ ಚಿಪ್ ಸೆಕೆಂಡಿಗೆ ಎಷ್ಟು ಹೆಜ್ಜೆ ಇಡುತ್ತದೆ ಅನ್ನುವುದರ ಓಟ. 2000ದ ಮಾರ್ಚ್‌ನಲ್ಲಿ ಎಎಂಡಿಯ ಅಥ್ಲಾನ್ 1 ಗಿಗಾಹರ್ಟ್ಸ್ ಮುಟ್ಟಿತು. ಇಂಟೆಲ್ ಎರಡೇ ದಿನದಲ್ಲಿ ಹಿಂದೆಯೇ ಬಂತು. ಅದೇ ವರ್ಷ ಬಂದ ಪೆಂಟಿಯಂ 4ನ ವಿನ್ಯಾಸವೇ ಗಿಗಾಹರ್ಟ್ಸ್ ಏರಿಸುವುದಕ್ಕಾಗಿ ಮಾಡಿದ್ದು. ಒಂದೊಂದು ಹೆಜ್ಜೆಯಲ್ಲಿ ಕಡಿಮೆ ಕೆಲಸ ಮಾಡು, ಆದರೆ ಹೆಜ್ಜೆ ಬೇಗ ಬೇಗ ಇಡು ಅನ್ನುವ ಲೆಕ್ಕ. 10 ಗಿಗಾಹರ್ಟ್ಸ್‌ವರೆಗೆ ಹೋಗುತ್ತೇವೆ ಎಂಬ ನಂಬಿಕೆ ಆಗ ಇತ್ತು. ಶಾಖ ಅದನ್ನು ತಡೆಯಿತು. ವೇಗ ಏರಿಸಲು ವೋಲ್ಟೇಜ್ ಏರಿಸಬೇಕು. ವೋಲ್ಟೇಜ್ ಸ್ವಲ್ಪ ಏರಿದರೂ ವ್ಯಾಟ್ ಜಾಸ್ತಿ ಏರುತ್ತದೆ, ಯಾಕೆಂದರೆ ಅದು ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಬೆಳೆಯುತ್ತದೆ. 2004ರಲ್ಲಿ ಇಂಟೆಲ್ 4 ಗಿಗಾಹರ್ಟ್ಸ್ ಪೆಂಟಿಯಂ 4 ಅನ್ನು ಕೈಬಿಟ್ಟಿತು. 3.8ಕ್ಕೇ ಆ ಸರಣಿ ನಿಂತಿತು. ಇಂದಿನ ಐ9ನ ಗರಿಷ್ಠ ಮಿತಿಯಾದ 253 ವ್ಯಾಟಿನ ಬೇರು ಇಲ್ಲಿಂದಲೇ ಹುಡುಕಬೇಕು ಅನ್ನುವುದು ನನ್ನ ಎಣಿಕೆ.

2006ರ ಕೋರ್ 2ನಿಂದ ಇಂಟೆಲ್ ಮತ್ತೆ ಮುಂದೆ ಹೋಯಿತು. 2011ರಲ್ಲಿ ಎಎಂಡಿಯ ಬುಲ್‌ಡೋಜರ್ ಚಿಪ್ ಸೋತಿತು. ಎದುರಾಳಿ ಇಲ್ಲದ ಆ ವರ್ಷಗಳು ಗ್ರಾಹಕರಿಗೆ ಒಳ್ಳೆಯದು ಮಾಡಲಿಲ್ಲ. 2017ರ ಜನವರಿಯಲ್ಲಿ ಬಂದ ಐ7-7700ಕೆಗೂ ನಾಲ್ಕೇ ಕೋರ್. ಹತ್ತು ವರ್ಷದ ಹಿಂದಿನ ಕೋರ್ 2 ಕ್ವಾಡ್‌ಗೂ ನಾಲ್ಕೇ ಇದ್ದವು. ಆಮೇಲೆ 2017ರ ಮಾರ್ಚ್‌ನಲ್ಲಿ ರೈಜನ್ ಬಂತು, 8 ಕೋರ್, 16 ಥ್ರೆಡ್. ಅಷ್ಟೇ ಕೋರಿನ ಇಂಟೆಲ್ ಚಿಪ್‌ನ ಅರ್ಧ ಬೆಲೆಗೆ! ಅದೇ ವರ್ಷದ ಕೊನೆಗೆ ಇಂಟೆಲ್ 6 ಕೋರ್ ಕೊಟ್ಟಿತು, ಮರುವರ್ಷ 8. 2019ರಲ್ಲಿ ಎಎಂಡಿ 16ಕ್ಕೆ ಹೋಯಿತು.

ಇಂಟೆಲ್‌ಗೆ ಒಳಗೊಂದು ತೊಂದರೆ ಇತ್ತು. ಅದರ ಡೆಸ್ಕ್‌ಟಾಪ್ ಚಿಪ್‌ಗಳು 2015ರಿಂದ 2021ರವರೆಗೆ 14 ನ್ಯಾನೊಮೀಟರ್ ತಯಾರಿಕೆಯಲ್ಲೇ ಉಳಿದವು (ಈ ಅಂಕಿ ಕಡಿಮೆಯಾದಷ್ಟೂ ತಯಾರಿಕೆ ಹೊಸದು, ಸೂಕ್ಷ್ಮ). ಮುಂದಿನ ತಂತ್ರ ತಡವಾಗುತ್ತಲೇ ಹೋಯಿತು. ಎಎಂಡಿ 2009ರಲ್ಲೇ ತನ್ನ ಕಾರ್ಖಾನೆಗಳನ್ನು ಬೇರೆ ಮಾಡಿಬಿಟ್ಟಿತ್ತು. ಅದು 2019ರಲ್ಲಿ ತೈವಾನಿನ ಚಿಪ್ ತಯಾರಕ ಟಿಎಸ್‌ಎಂಸಿಯ 7 ನ್ಯಾನೊಮೀಟರ್‌ಗೆ ಹೋಯಿತು. ಹೊಸ ತಯಾರಿಕೆ ಕೈಗೆ ಬರದಿದ್ದಾಗ ಪೈಪೋಟಿಗೆ ಉಳಿಯುವ ಸುಲಭದ ದಾರಿ ಒಂದೇ, ವ್ಯಾಟ್ ಏರಿಸುವುದು. 2021ರ ನವೆಂಬರ್‌ನಲ್ಲಿ ಇಂಟೆಲ್ ಜಾಣತನದ ಇನ್ನೊಂದು ದಾರಿಯನ್ನೂ ಹಿಡಿಯಿತು. ಒಂದೇ ಚಿಪ್‌ನಲ್ಲಿ ದೊಡ್ಡ ಕೋರ್, ಸಣ್ಣ ಕೋರ್ ಎರಡನ್ನೂ ಇಟ್ಟಿತು. 14900ಕೆಯ 24 ಕೋರ್ ಅಂದರೆ 8 ದೊಡ್ಡವು, 16 ಸಣ್ಣವು. ಚಿಕ್ಕ ಜಾಗದಲ್ಲಿ ಜಾಸ್ತಿ ಕೋರ್ ತುಂಬುವುದಕ್ಕೆ ಇದು ಒಳ್ಳೆಯ ಉಪಾಯ. ರೆಂಡರ್‌ನಲ್ಲಿ ಅದರ ಬಲವೂ ಇದೇ.

ಎಎಂಡಿ ಹಿಡಿದ ದಾರಿ ಕ್ಯಾಶ್, ಅಂದರೆ ಚಿಪ್‌ನ ಒಳಗಿನ ಚುರುಕಾದ ಮೆಮೊರಿ. ಇಲ್ಲಿ ಸ್ವಲ್ಪ ನಿಲ್ಲಬೇಕು.

5 ಗಿಗಾಹರ್ಟ್ಸ್ ಅಂದರೆ ಒಂದು ನ್ಯಾನೊಸೆಕೆಂಡಿಗೆ 5 ಹೆಜ್ಜೆ. ರ್‍ಯಾಮ್‌ನಿಂದ ಒಂದು ಮಾಹಿತಿ ತರಿಸಲು ಸುಮಾರು 70 ನ್ಯಾನೊಸೆಕೆಂಡ್ ಬೇಕು. ಅಂದರೆ 350 ಹೆಜ್ಜೆಗಳಷ್ಟು ಕಾಲ ಆ ಕೋರ್ ಕಾಯಬೇಕಾಗಬಹುದು. ಅಡಿಕೆ ಸುಲಿಯುವವರು ಎಷ್ಟೇ ಚುರುಕಾಗಿದ್ದರೂ ತೋಟದಿಂದ ಗೊನೆ ಬರದಿದ್ದರೆ ಕೈಕಟ್ಟಿ ಕೂರಬೇಕು, ಅಲ್ವಾ? ಹಾಗೇ ಇದು. ಚಿಪ್‌ನ ಒಳಗೇ ಇರುವ ಎಲ್3 ಕ್ಯಾಶ್‌ನಲ್ಲಿ ಆ ಮಾಹಿತಿ ಸಿಕ್ಕಿದರೆ ಸುಮಾರು 10 ನ್ಯಾನೊಸೆಕೆಂಡಿನಲ್ಲಿ ಕೆಲಸ ಮುಗಿಯುತ್ತದೆ.

ಗೇಮ್‌ನ ಸ್ವಭಾವವೇ ಕಾಯಿಸುವಂಥದ್ದು. ಆಟಗಾರ ಎಲ್ಲಿದ್ದಾನೆ, ಎದುರಾಳಿ ಯಾವ ಮೂಲೆಯಲ್ಲಿದ್ದಾನೆ, ಗುಂಡು ಯಾವುದಕ್ಕೆ ತಾಗಿತು ಅನ್ನುವ ಸಾವಿರಾರು ಚಿಕ್ಕ ಮಾಹಿತಿಗಳು ಮೆಮೊರಿಯಲ್ಲಿ ಅಲ್ಲಲ್ಲಿ ಚದುರಿರುತ್ತವೆ. ಮುಂದೆ ಯಾವುದು ಬೇಕಾಗುತ್ತದೆ ಅಂತ ಊಹಿಸುವುದು ಕಷ್ಟ. 144 ಹರ್ಟ್ಸ್ ಮಾನಿಟರ್‌ಗೆ ಒಂದು ಫ್ರೇಮ್ ಕೊಡಲು ಇರುವುದು 7 ಮಿಲಿಸೆಕೆಂಡಿಗಿಂತ ಕಡಿಮೆ. ಅಷ್ಟರಲ್ಲಿ ಇದನ್ನೆಲ್ಲ ಹುಡುಕಿ ತರಬೇಕು.

2022ರ ಏಪ್ರಿಲ್‌ನಲ್ಲಿ ಬಂದ ರೈಜನ್ 7 5800ಎಕ್ಸ್3ಡಿಯಲ್ಲಿ ಎಎಂಡಿ ಮಾಡಿದ್ದು ಇದಕ್ಕೆ ನೇರ ಉತ್ತರ. ಮೊದಲೇ ಇದ್ದ 32 ಎಂಬಿ ಕ್ಯಾಶ್‌ನ ಮೇಲೆ ಇನ್ನೊಂದು 64 ಎಂಬಿ ತುಂಡನ್ನು ತಾಮ್ರಕ್ಕೆ ತಾಮ್ರ ಬೆಸೆದು ಕೂರಿಸಿತು. ಒಟ್ಟು 96 ಎಂಬಿ. ಆದರೆ ಮೇಲೆ ಇನ್ನೊಂದು ಪದರ ಕೂತರೆ ಕೆಳಗಿನ ಕೋರ್‌ಗಳ ಬಿಸಿ ಹೊರಗೆ ಹೋಗುವುದು ಕಷ್ಟ. ಆ ಪದರ ಜಾಸ್ತಿ ವೋಲ್ಟೇಜನ್ನೂ ತಾಳಿಕೊಳ್ಳುವುದಿಲ್ಲ. ಅದಕ್ಕೇ ವೇಗ ಇಳಿಸಿದರು. ಅದರ ಮುಂದಿನ ತಲೆಮಾರು 7800ಎಕ್ಸ್3ಡಿ. ಕ್ಯಾಶ್ ಪದರ ಇಲ್ಲದ ಅದರ ಜೊತೆಯ ಚಿಪ್ 7700ಎಕ್ಸ್ 5.4 ಗಿಗಾಹರ್ಟ್ಸ್ ಹೋಗುತ್ತದೆ, ಇದು 5ಕ್ಕೆ ನಿಲ್ಲುತ್ತದೆ. ವೇಗ ಬಿಟ್ಟುಕೊಟ್ಟ ಅದೇ ಕಾರಣದಿಂದ ಗೇಮ್ ಆಡುವಾಗ ಇದು 80 ವ್ಯಾಟ್ ದಾಟುವುದೇ ಅಪರೂಪ. ನನಗೆ ಇದರಲ್ಲಿ ತುಂಬಾ ಇಷ್ಟವಾಗುವ ಸಂಗತಿ ಇದು. ಕೋರ್ ಓಡುವ ವೇಗ ಬಿಟ್ಟು, ಕೋರ್ ಕಾಯುವ ಹೊತ್ತನ್ನು ಕಡಿಮೆ ಮಾಡಿದ್ದಾರೆ.

ಬ್ಲೆಂಡರ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಮನೆ ಪ್ಲಾನಿನ 3ಡಿ ಚಿತ್ರ ರೆಂಡರ್ ಮಾಡಿದರೆ ಈ ಕ್ಯಾಶ್ ಹೆಚ್ಚೇನೂ ಸಹಾಯ ಮಾಡದು. ಅಲ್ಲಿ ಕೆಲಸವನ್ನು ತುಂಡು ಮಾಡಿ ಎಲ್ಲ ಕೋರ್‌ಗಳಿಗೆ ಹಂಚಬಹುದು. ಕೋರ್ ಎಷ್ಟಿವೆ ಅನ್ನುವುದೇ ಲೆಕ್ಕ. ಎಲ್ಲ ಕೋರ್ ದುಡಿಯುವ ಇಂಥ ಕೆಲಸದಲ್ಲಿ 14900ಕೆ ಹೆಚ್ಚುಕಡಿಮೆ ಎರಡು ಪಟ್ಟು ಮುಂದಿದೆ.

ಆದರೆ 14900ಕೆ ಬಗ್ಗೆ ಮಾತಾಡುವಾಗ 2024ರಲ್ಲಿ ಆದದ್ದನ್ನು ಬಿಡುವಂತಿಲ್ಲ. ಗೇಮ್ ಶುರುವಾಗುವ ಹೊತ್ತಿಗೆ, ಶೇಡರ್ (ಚಿತ್ರದ ಬೆಳಕು, ಬಣ್ಣ ಲೆಕ್ಕ ಹಾಕುವ ಚಿಕ್ಕ ಪ್ರೋಗ್ರಾಂ) ತಯಾರಾಗುವಾಗ, 'ವಿಡಿಯೊ ಮೆಮೊರಿ ಸಾಲದು' ಅಂತ ಸಂದೇಶ ಬಂದು ಗೇಮ್ ಮುಚ್ಚಿಹೋಗುತ್ತಿತ್ತು. ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಮೆಮೊರಿ ಧಾರಾಳವಾಗಿ ಖಾಲಿ ಇರುತ್ತಿತ್ತು. ಜನ ಕಾರ್ಡ್ ಮೇಲೆ ಅನುಮಾನ ಪಟ್ಟರು, ಡ್ರೈವರ್ ಬದಲಿಸಿದರು, ವಿಂಡೋಸ್ ಮತ್ತೆ ಹಾಕಿದರು. ತಪ್ಪು ಇದ್ದದ್ದು ಪ್ರೊಸೆಸರ್‌ನಲ್ಲಿ. ಒತ್ತಿಟ್ಟ ಮಾಹಿತಿಯನ್ನು ಬಿಚ್ಚುವಾಗ ಅದು ಲೆಕ್ಕ ತಪ್ಪುತ್ತಿತ್ತು, ಗೇಮ್ ಅದನ್ನು ಮೆಮೊರಿ ಕೊರತೆ ಅಂತ ಓದಿಕೊಳ್ಳುತ್ತಿತ್ತು.

2024ರ ಜುಲೈನಲ್ಲಿ ಇಂಟೆಲ್ ಕಾರಣ ಒಪ್ಪಿಕೊಂಡಿತು. 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಚಿಪ್‌ಗಳ ಮೈಕ್ರೊಕೋಡ್ (ಚಿಪ್‌ನ ಒಳಗಿನ ನಿಯಂತ್ರಣ ಕೋಡ್) ಅಗತ್ಯಕ್ಕಿಂತ ಜಾಸ್ತಿ ವೋಲ್ಟೇಜ್ ಕೇಳುತ್ತಿತ್ತು. ಆ ಹೆಚ್ಚಿನ ವೋಲ್ಟೇಜ್ ಚಿಪ್‌ಅನ್ನು ನಿಧಾನವಾಗಿ ಸವೆಸುತ್ತಿತ್ತು. ಇದರ ಜೊತೆಗೆ ಎಷ್ಟೋ ಮದರ್‌ಬೋರ್ಡ್‌ಗಳು 253 ವ್ಯಾಟಿನ ಮಿತಿಯನ್ನೇ ತೆಗೆದು ಮಾರಾಟವಾಗುತ್ತಿದ್ದವು, ಸುಮ್ನೆ ಪರೀಕ್ಷೆಗಳಲ್ಲಿ ಅಂಕ ಜಾಸ್ತಿ ಬರಲಿ ಅಂತ. ಆಗಸ್ಟ್‌ನಲ್ಲಿ 0ಎಕ್ಸ್129 ಅನ್ನುವ ತಿದ್ದುಪಡಿ ಬಂತು, ಸೆಪ್ಟೆಂಬರ್‌ನಲ್ಲಿ ಇನ್ನೊಂದು. ವಾರಂಟಿಯನ್ನು 2 ವರ್ಷ ಹೆಚ್ಚಿಸಿದರು. ಆದರೆ ಈಗಾಗಲೇ ಸವೆದ ಚಿಪ್ ಮೈಕ್ರೊಕೋಡ್‌ನಿಂದ ಸರಿಹೋಗುವುದಿಲ್ಲ. ಎಎಂಡಿಯೂ ಇದರಿಂದ ಪೂರ್ತಿ ಪಾರಾಗಿರಲಿಲ್ಲ. 2023ರ ಏಪ್ರಿಲ್‌ನಲ್ಲಿ ಕೆಲವು 7000 ಸರಣಿಯ ಎಕ್ಸ್3ಡಿ ಚಿಪ್‌ಗಳು ಸಾಕೆಟ್‌ನಲ್ಲೇ ಸುಟ್ಟವು. ಆಮೇಲೆ ಎಸ್‌ಒಸಿ ವೋಲ್ಟೇಜನ್ನು (ಚಿಪ್‌ನಲ್ಲಿ ಮೆಮೊರಿ ನಿಯಂತ್ರಕ ಇರುವ ಭಾಗದ್ದು) 1.3 ವೋಲ್ಟಿಗೆ ಕಟ್ಟಿಹಾಕಿದರು. ಆ ಕಥೆ ಬೇಗ ಮುಗಿಯಿತು, ಇಂಟೆಲ್‌ನದ್ದು ತಿಂಗಳುಗಟ್ಟಲೆ ಎಳೆಯಿತು.

ಇನ್ನು ನಮ್ಮ ಕಡೆ. ಜೂನ್ ಬಂತೆಂದರೆ ಗಾಳಿ ಮಳೆಗೆ ಲೈನಿನ ಮೇಲೆ ಮರ ಬೀಳುವುದು ಹೊಸನಗರ, ತೀರ್ಥಹಳ್ಳಿ, ಸಾಗರದ ಕಡೆಯವರಿಗೆ ಹೊಸದಲ್ಲ. ಶರಾವತಿಯ ಕರೆಂಟು ಹುಟ್ಟುವ ಜಿಲ್ಲೆಯಲ್ಲೇ ಪಿಸಿಗೆ ಯುಪಿಎಸ್ ಇಲ್ಲದೆ ಆಗುವುದಿಲ್ಲ. ಹೆಚ್ಚಿನ ಮನೆಗಳಲ್ಲಿ ಇರುವುದು 600 ವಿಎ ಯುಪಿಎಸ್. ಅದು ನಿಜವಾಗಿ ಹೊರುವುದು ಸುಮಾರು 360 ವ್ಯಾಟ್. 14900ಕೆ ಒಂದೇ 253 ವ್ಯಾಟ್ ಎಳೆಯುತ್ತಿರುವಾಗ, 200 ವ್ಯಾಟಿನ ಗ್ರಾಫಿಕ್ಸ್ ಕಾರ್ಡೂ ದುಡಿಯುತ್ತಿದ್ದರೆ, ಕರೆಂಟು ಹೋದ ತಕ್ಷಣ ಯುಪಿಎಸ್ ಒಂದು ಸಲ ಕೂಗಿ ಆರಿಹೋಗುತ್ತದೆ. ರೆಂಡರ್ ಮೊದಲಿಂದ. 7800ಎಕ್ಸ್3ಡಿ ಜೊತೆ ಮಧ್ಯಮ ಕಾರ್ಡ್ ಇದ್ದರೆ ಅದೇ ಯುಪಿಎಸ್ ಗೇಮ್ ಸೇವ್ ಮಾಡಿ ಮುಚ್ಚುವಷ್ಟು ಹೊತ್ತು ಕೊಡುತ್ತದೆ. ನಾಡಿನ ದೊಡ್ಡ ಊರುಗಳ ವಿಮರ್ಶೆಗಳಲ್ಲಿ ಈ ಲೆಕ್ಕ ಕಾಣುವುದಿಲ್ಲ, ನಮಗೆ ಮಾತ್ರ ಇದೇ ಮೊದಲ ಲೆಕ್ಕ. ಮಳೆಗಾಲದ ತಂಪು ಕೂಲರ್‌ಗೆ ಒಳ್ಳೆಯದೇ. ಆದರೆ ಏಪ್ರಿಲ್‌ನ ಶಿವಮೊಗ್ಗ ಪೇಟೆಯ ಸೆಕೆಯಲ್ಲಿ 14900ಕೆಗೆ ದೊಡ್ಡ ಲಿಕ್ವಿಡ್ ಕೂಲರ್ ಬೇಕೇ ಬೇಕು. ಅದರ ಖರ್ಚನ್ನೂ ಪ್ರೊಸೆಸರ್ ಬೆಲೆಗೆ ಸೇರಿಸಿ ನೋಡಿ.

ಹಾಗಂತ ಇಂಟೆಲ್ ಬೇಡವೇ ಬೇಡ ಅನ್ನಲಾರೆ. ಮದುವೆ ವಿಡಿಯೊ ಎಡಿಟ್ ಮಾಡುವವರಿಗೆ ಅದರಲ್ಲಿ ಒಂದು ದೊಡ್ಡ ಅನುಕೂಲ ಇದೆ. ಈಗಿನ ಎಷ್ಟೋ ಕ್ಯಾಮೆರಾಗಳು ಎಚ್.265, 10 ಬಿಟ್, 4:2:2 ಅನ್ನುವ ರೂಪದಲ್ಲಿ ಚಿತ್ರೀಕರಿಸುತ್ತವೆ. 14900ಕೆಯ ಒಳಗಿನ ಗ್ರಾಫಿಕ್ಸ್ ಇದನ್ನು ತಾನೇ ಬಿಚ್ಚುತ್ತದೆ, ಟೈಮ್‌ಲೈನ್ ಸರಾಗವಾಗಿ ಓಡುತ್ತದೆ. 7800ಎಕ್ಸ್3ಡಿಗೆ ಈ ಸೌಲಭ್ಯವಿಲ್ಲ. ಎನ್‌ವಿಡಿಯಾ ಕಾರ್ಡ್‌ಗಳಲ್ಲಿ ಇದು ಬಂದದ್ದೇ 2025ರ ಆರ್‌ಟಿಎಕ್ಸ್ 50 ಸರಣಿಯಲ್ಲಿ. ಮಾಘದಿಂದ ವೈಶಾಖದವರೆಗೆ ಒಂದರ ಮೇಲೊಂದು ಮದುವೆ ಇರುವವರಿಗೆ ಇದು ದಿನಗಟ್ಟಲೆ ಉಳಿತಾಯ. ಅಂಥವರು ಇಂಟೆಲ್ ತಗೊಂಡು, ಬಯೋಸ್‌ನಲ್ಲಿ (ಮದರ್‌ಬೋರ್ಡ್‌ನ ಮೂಲ ಸಾಫ್ಟ್‌ವೇರ್) ಮಿತಿಯನ್ನು 150 ವ್ಯಾಟ್ ಸುಮಾರಿಗೆ ಇಳಿಸಿದರೆ ರೆಂಡರ್ ಸ್ವಲ್ಪ ನಿಧಾನವಾಗುತ್ತದೆ, ಗೇಮ್‌ನಲ್ಲಿ ವ್ಯತ್ಯಾಸ ಗೊತ್ತೇ ಆಗುವುದಿಲ್ಲ.

ಗೇಮ್ ಮಾತ್ರ ಆಡುವವರು 7800ಎಕ್ಸ್3ಡಿ ತಗೊಳ್ಳಲಿ. ಆದರೆ ಕೈಯಲ್ಲಿ ಮಧ್ಯಮ ಬೆಲೆಯ ಗ್ರಾಫಿಕ್ಸ್ ಕಾರ್ಡ್ ಇದ್ದು, 4ಕೆಯಲ್ಲಿ ಆಡುವುದಾದರೆ ಎರಡೂ ಪ್ರೊಸೆಸರ್ ಒಂದೇ ಥರ ಕಾಣುತ್ತವೆ. ಅಲ್ಲಿ ಕಾರ್ಡೇ ಏದುಸಿರು ಬಿಡುತ್ತಿರುತ್ತದೆ. ಆ ದುಡ್ಡು ಕಾರ್ಡ್‌ಗೆ ಹಾಕುವುದು ಜಾಣತನ.

2024ರ ಕೊನೆಗೆ ಎರಡೂ ಕಂಪನಿ ತಮ್ಮ ದಾರಿಯನ್ನು ತಿದ್ದಿಕೊಂಡವು. ಇಂಟೆಲ್‌ನ ಕೋರ್ ಅಲ್ಟ್ರಾ 9 285ಕೆ ಬಂತು. ಅದರ ಕೋರ್‌ಗಳ ತುಂಡನ್ನು ಮಾಡುವುದು ಟಿಎಸ್‌ಎಂಸಿ! ಕರೆಂಟು ಕಡಿಮೆ ಮಾಡಿತು, ರೆಂಡರ್‌ನಲ್ಲಿ ಗಟ್ಟಿ, ಆದರೆ ಎಷ್ಟೋ ಗೇಮ್‌ಗಳಲ್ಲಿ 14900ಕೆಗಿಂತ ಹಿಂದೆ ಬಿತ್ತು. ಎಎಂಡಿಯ 9800ಎಕ್ಸ್3ಡಿಯಲ್ಲಿ ಕ್ಯಾಶ್ ತುಂಡನ್ನು ಕೋರ್‌ಗಳ ಕೆಳಗೆ ಇಟ್ಟರು. ಬಿಸಿ ನೇರ ಕೂಲರ್‌ಗೆ ಹೋಗುವುದರಿಂದ ವೇಗ 5.2ಕ್ಕೆ ಏರಿತು. 2025ರ ಮಾರ್ಚ್‌ನಲ್ಲಿ ಬಂದ 16 ಕೋರಿನ 9950ಎಕ್ಸ್3ಡಿ ಎರಡೂ ಕೆಲಸಕ್ಕೆ ಆಗುತ್ತದೆ, ಬೆಲೆಯೂ ಹಾಗೇ ಇದೆ. 7800ಎಕ್ಸ್3ಡಿ ಕೂರುವ ಎಎಂ5 ಸಾಕೆಟ್‌ನಲ್ಲೇ ಇವೂ ಕೂರುತ್ತವೆ. 14900ಕೆಯ ಬೋರ್ಡ್‌ಗೆ ಮಾತ್ರ 285ಕೆ ಹೊಂದುವುದಿಲ್ಲ.

ಸೆಕೆಂಡ್ ಹ್ಯಾಂಡ್ 14900ಕೆ ನೋಡುತ್ತಿದ್ದರೆ ಬಿಲ್ ಮತ್ತು ವಾರಂಟಿ ಕೇಳಿ. ಯಾವ ಬೋರ್ಡ್‌ನಲ್ಲಿ, ಯಾವ ಬಯೋಸ್‌ನಲ್ಲಿ ಓಡುತ್ತಿತ್ತು ಅಂತ ವಿಚಾರಿಸಿ. 2024ರ ಆಗಸ್ಟ್‌ಗಿಂತ ಮೊದಲು ತಿಂಗಳುಗಟ್ಟಲೆ ಮಿತಿ ಇಲ್ಲದೆ ದುಡಿದ ಚಿಪ್ ಆದರೆ ಬಿಟ್ಟುಬಿಡಿ. ತಂದ ಮೇಲೆ ಮೊದಲ ಕೆಲಸ ಬಯೋಸ್ ಅಪ್‌ಡೇಟ್. ಅದನ್ನು ಯುಪಿಎಸ್ ಮೇಲೆ, ಮಳೆ ಗುಡುಗು ಇಲ್ಲದ ಹೊತ್ತಲ್ಲಿ ಮಾಡಿ. ಅರ್ಧದಲ್ಲಿ ಕರೆಂಟು ಹೋದರೆ ಬೋರ್ಡೇ ಏಳದೆ ಹೋಗಬಹುದು.