2016ರ ಜುಲೈ 15: ಟರ್ಕಿಯಲ್ಲಿ ಬೀದಿಗಿಳಿದವರು, ಬಾಗಿಲು ಹಾಕಿಕೊಂಡವರು

2016ರ ಜುಲೈ 15ರ ರಾತ್ರಿ ಟರ್ಕಿಯ ಸೇನೆಯ ಒಂದು ಗುಂಪು ಸರ್ಕಾರವನ್ನು ಉರುಳಿಸಲು ಹೊರಟು ಸೋತಿತು. ಮೊದಲು ಪದದ ವಿಚಾರ. ನಮ್ಮ ಪತ್ರಿಕೆಗಳು ಇಂಥ ಘಟನೆಯನ್ನು ‘ಕ್ಷಿಪ್ರಕ್ರಾಂತಿ’ ಎಂದು ಬರೆಯುತ್ತವೆ. ನನಗೆ ಈ ಪದದ ಮೇಲೆ ಹಳೆಯ ತಕರಾರಿದೆ. ಕ್ರಾಂತಿ ಕೆಳಗಿನಿಂದ ಏಳುತ್ತದೆ, ಇದು ಮೇಲಿನಿಂದ ಬೀಳುತ್ತದೆ. ತುರ್ಕಿ ಭಾಷೆಯಲ್ಲಿ ಇದಕ್ಕೆ ‘ದರ್ಬೆ’ ಎನ್ನುತ್ತಾರೆ, ಅಂದರೆ ಪೆಟ್ಟು. (ನಮ್ಮ ಪೂಜೆಯ ದರ್ಭೆಗೂ ಇದಕ್ಕೂ ಸಂಬಂಧವಿಲ್ಲ, ಆದರೆ ಪದ ನೆನಪಿಟ್ಟುಕೊಳ್ಳಲು ಅನುಕೂಲ.) ಈ ಟಿಪ್ಪಣಿಯಲ್ಲಿ ನಾನು ಸೇನಾದಂಗೆ ಎಂದೇ ಬರೆಯುತ್ತೇನೆ.

ಆ ದಂಗೆ ಸೋತದ್ದೇಕೆ ಎಂಬ ಪರೀಕ್ಷೆಯ ಪ್ರಶ್ನೆಗೆ ಗೈಡುಗಳಲ್ಲಿ ಸಿಗುವ ಸಿದ್ಧ ಉತ್ತರ ಒಂದಿದೆ: ‘ಜನರೇ ಬೀದಿಗಿಳಿದು ದಂಗೆಯನ್ನು ಸೋಲಿಸಿದರು.’ ಅದು ಸುಳ್ಳೇನಲ್ಲ. ಆದರೆ ಅದರಲ್ಲಿರುವ ‘ಜನ’ ಎಂಬ ಪದವನ್ನು ಬಿಡಿಸದೆ ಬಾಯಿಪಾಠ ಮಾಡಿದರೆ ಆ ರಾತ್ರಿ ಅರ್ಥವಾಗುವುದಿಲ್ಲ.

ಆ ರಾತ್ರಿ

ಅಂದು ಶುಕ್ರವಾರ, ಬೇಸಿಗೆ. ರಾತ್ರಿ ಹತ್ತರ ಹೊತ್ತಿಗೆ ಇಸ್ತಾಂಬುಲ್‌ನ ಬಾಸ್ಫರಸ್ ಸೇತುವೆಯ ಮೇಲೆ ಸೈನಿಕರು ಅಡ್ಡ ನಿಂತರು. ರಾಜಧಾನಿ ಅಂಕಾರಾದಲ್ಲಿ ಯುದ್ಧವಿಮಾನಗಳು ಮನೆಗಳ ಚಾವಣಿ ಸವರುವಂತೆ ಹಾರತೊಡಗಿದವು. ನಮ್ಮಲ್ಲಿ ಆಗ ಮಧ್ಯರಾತ್ರಿ ಹನ್ನೆರಡೂವರೆ. ದಂಗೆಕೋರರ ಮೂಲ ಯೋಜನೆ ಬೆಳಗಿನ ಜಾವ ಮೂರಕ್ಕಿತ್ತು. ಸುಳಿವು ಸೋರಿದ್ದರಿಂದ ಮುಂಚೆಯೇ ಶುರುಮಾಡಿದರು ಎಂಬುದು ಸರ್ಕಾರದ ವಿವರಣೆ. ಈ ಐದು ಗಂಟೆಯ ವ್ಯತ್ಯಾಸವನ್ನು ಅಡಿಗೆರೆ ಎಳೆದು ಓದಿ. ಊರು ಮಲಗಿರುವಾಗ ನಡೆಯಬೇಕಾಗಿದ್ದ ಕೆಲಸ, ಜನ ಚಹಾ ಅಂಗಡಿಗಳಲ್ಲಿ ಕೂತಿರುವಾಗ, ಎಲ್ಲರ ಕೈಯಲ್ಲೂ ಮೊಬೈಲ್ ಇರುವಾಗ ನಡೆಯಿತು.

ಪ್ರಧಾನಿ ಬಿನಾಲಿ ಯಿಲ್ದಿರಿಮ್ ಹನ್ನೊಂದರ ಸುಮಾರಿಗೆ ಟಿ.ವಿ.ಗೆ ಫೋನ್ ಮಾಡಿ, ಇದು ಸೇನೆಯ ಒಂದು ಗುಂಪಿನ ಕೃತ್ಯ ಎಂದರು. ಮಧ್ಯರಾತ್ರಿ ದಾಟಿದ ಮೇಲೆ ಸರ್ಕಾರಿ ವಾಹಿನಿ ಟಿಆರ್‌ಟಿಯ ವಾರ್ತಾವಾಚಕಿ ಬಂದೂಕಿನ ನೆರಳಲ್ಲಿ ದಂಗೆಕೋರರ ಹೇಳಿಕೆಯನ್ನು ಓದಬೇಕಾಯಿತು. ಅವರು ತಮ್ಮನ್ನು ‘ನಾಡಿನೊಳಗೆ ಶಾಂತಿ ಮಂಡಳಿ’ ಎಂದು ಕರೆದುಕೊಂಡಿದ್ದರು. ‘ನಾಡಿನೊಳಗೆ ಶಾಂತಿ, ಜಗದೊಳಗೆ ಶಾಂತಿ’ ಎಂಬ, ಆಧುನಿಕ ಟರ್ಕಿಯ ಸ್ಥಾಪಕ ಅತಾತುರ್ಕರ ಮಾತಿನಿಂದ ಕಡ ತಂದ ಹೆಸರು. ಸ್ವಲ್ಪ ಹೊತ್ತಿನಲ್ಲೇ ಖಾಸಗಿ ವಾಹಿನಿಯೊಂದರ ನಿರೂಪಕಿ ತಮ್ಮ ಮೊಬೈಲನ್ನು ಕ್ಯಾಮೆರಾದ ಮುಂದೆ ಹಿಡಿದರು. ಅದರ ಅಂಗೈಯಗಲದ ಪರದೆಯಲ್ಲಿ ಅಧ್ಯಕ್ಷ ಎರ್ದೊಗಾನ್! ಮರ್ಮರಿಸ್‌ನಲ್ಲಿ ರಜೆಯಲ್ಲಿದ್ದ ಅವರು ಜನರನ್ನು ಚೌಕಗಳಿಗೂ ವಿಮಾನ ನಿಲ್ದಾಣಗಳಿಗೂ ಬರುವಂತೆ ಕರೆದರು. ತಮ್ಮ ಸರ್ಕಾರದ ವಿರುದ್ಧ ನಡೆದ 2013ರ ಗೆಜಿ ಪಾರ್ಕ್ ಪ್ರತಿಭಟನೆಯ ವೇಳೆ ಸಾಮಾಜಿಕ ಜಾಲತಾಣಗಳನ್ನು ಬಯ್ದಿದ್ದ ಮನುಷ್ಯ ಫೋನಿನ ವಿಡಿಯೊ ಕರೆಯಿಂದ ಉಳಿದುಕೊಂಡರು.

ದಂಗೆ ಗೆಲ್ಲುವುದು ಟ್ಯಾಂಕುಗಳ ಸಂಖ್ಯೆಯಿಂದಲ್ಲ, ‘ಎಲ್ಲ ಮುಗಿದುಹೋಗಿದೆ’ ಎಂಬ ನಂಬಿಕೆಯಿಂದ. ಪ್ರತಿಯೊಬ್ಬ ಅಧಿಕಾರಿಯೂ ಉಳಿದವರು ಯಾವ ಕಡೆ ವಾಲುತ್ತಾರೆಂದು ಕಾಯುತ್ತಿರುತ್ತಾನೆ. ಹಾಗಾಗಿ ಬಂಡಾಯಗಾರರು ಮೊದಲು ರೇಡಿಯೊ, ಟಿ.ವಿ. ಕೇಂದ್ರಗಳಿಗೆ ನುಗ್ಗುತ್ತಾರೆ. ಇಲ್ಲಿ ಅವರು ಸರ್ಕಾರಿ ವಾಹಿನಿಯನ್ನು ಹಿಡಿದು ಖಾಸಗಿಯವನ್ನು ಬಿಟ್ಟರು. ನಸುಕಿನಲ್ಲಿ ಒಂದು ಖಾಸಗಿ ವಾಹಿನಿಗೆ ನುಗ್ಗುವಷ್ಟರಲ್ಲಿ ತಡವಾಗಿತ್ತು. ಇಸ್ತಾಂಬುಲ್‌ನ ಮೊದಲ ಸೇನಾಪಡೆಯ ಕಮಾಂಡರ್ ಉಮಿತ್ ದುಂದಾರ್ ಅದಾಗಲೇ ಟಿ.ವಿ.ಯಲ್ಲಿ ತಾನು ದಂಗೆಯ ವಿರುದ್ಧ ಎಂದಿದ್ದರು. ಬೀದಿಯಲ್ಲಿ ಜನ ತುಂಬಿದ್ದರ ನಿಜವಾದ ಬೆಲೆ ಇರುವುದು ಈ ಲೆಕ್ಕದಲ್ಲಿ. ಟ್ಯಾಂಕನ್ನು ಕೈಯಿಂದ ತಡೆಯಲಾಗದು. ಆದರೆ ಟ್ಯಾಂಕಿನ ಸುತ್ತ ಜನ ಮುತ್ತಿಕೊಂಡ ಚಿತ್ರ, ಅನುಮಾನದಲ್ಲಿದ್ದ ಮತ್ತೊಬ್ಬ ಅಧಿಕಾರಿಯನ್ನು ತನ್ನ ಬ್ಯಾರಕ್ಕಿನಲ್ಲೇ ಕೂರಿಸುತ್ತದೆ.

ಯಾವ ಜನ?

ಈ ಭಾಗವನ್ನು ನಿಧಾನವಾಗಿ ಓದಿ.

ಸುದ್ದಿ ಹಬ್ಬಿದ ಕೂಡಲೇ ಎಷ್ಟೋ ಮಂದಿ ಓಡಿದ್ದು ಎಟಿಎಂಗೆ, ಬ್ರೆಡ್ ಅಂಗಡಿಗೆ, ಪೆಟ್ರೋಲ್ ಬಂಕಿಗೆ. ಇದನ್ನು ಹೇಡಿತನವೆಂದು ಓದಬಾರದು. ಆ ದೇಶದ ಹಿರಿಯರಿಗೆ ದರ್ಬೆ ಎಂದರೆ ಕರ್ಫ್ಯೂ ಎಂಬುದು ಅನುಭವದ ಪಾಠ. 1960, 1971, 1980, 1997, ಹೀಗೆ ಸೇನೆ ನಾಲ್ಕು ಸಲ ಸರ್ಕಾರಗಳನ್ನು ಕೆಳಗಿಳಿಸಿತ್ತು. 1960ರ ಮೇ ತಿಂಗಳಲ್ಲಿ ಅಂಕಾರಾದ ಬೀದಿಗಳಲ್ಲಿ ವಿದ್ಯಾರ್ಥಿಗಳು ಸಂಭ್ರಮಿಸಿದ್ದರು. ಮರುವರ್ಷ ಪದಚ್ಯುತ ಪ್ರಧಾನಿ ಅದ್ನಾನ್ ಮೆಂದೆರೆಸ್‌ರನ್ನು ಗಲ್ಲಿಗೇರಿಸಲಾಯಿತು. 1980ರ ಸೆಪ್ಟೆಂಬರ್ 12ರಂದು ಜನರಲ್ ಕೆನಾನ್ ಎವ್ರೆನ್ ಅಧಿಕಾರ ಹಿಡಿದಾಗ ಯಾರೂ ಟ್ಯಾಂಕಿಗೆ ಎದುರು ನಿಲ್ಲಲಿಲ್ಲ. ಎಡ-ಬಲ ಗುಂಪುಗಳ ಬೀದಿ ಕೊಲೆಗಳಿಂದ ಬೇಸತ್ತಿದ್ದ ಎಷ್ಟೋ ಜನ ನಿಟ್ಟುಸಿರು ಬಿಟ್ಟರು. ಎರಡು ವರ್ಷದ ಬಳಿಕ ಸೇನೆಯ ಸಂವಿಧಾನಕ್ಕೆ ಶೇ 91ಕ್ಕೂ ಹೆಚ್ಚು ಮತ ಬಿತ್ತು. ಮತದಾನ ಸೇನೆಯ ಕಣ್ಗಾವಲಿನಲ್ಲೇ ನಡೆದದ್ದನ್ನೂ ಇದರ ಪಕ್ಕದಲ್ಲಿ ಬರೆದುಕೊಳ್ಳಿ.

2016ರಲ್ಲಿ ಮೊದಲು ಹೊರಬಂದವರಲ್ಲಿ ಹೆಚ್ಚಿನವರು ಆಳುವ ಎಕೆಪಿ ಪಕ್ಷದ ಬೆಂಬಲಿಗರು, ಧಾರ್ಮಿಕ ಒಲವಿನ ಕುಟುಂಬದವರು. ಅವರಿಗೆ ಮೆಂದೆರೆಸ್‌ರ ನೇಣು ಮನೆಯಲ್ಲಿ ಕೇಳಿ ಬೆಳೆದ ಕಥೆ. ತಲೆವಸ್ತ್ರ ಹಾಕಿದ ಹೆಣ್ಣುಮಕ್ಕಳನ್ನು ವಿಶ್ವವಿದ್ಯಾಲಯದ ಬಾಗಿಲಲ್ಲೇ ತಡೆದ 1997ರ ನಂತರದ ದಿನಗಳು ಅವರ ಸ್ವಂತ ನೆನಪು. ಅವರಿಗೆ ಕರೆ ಬಂದದ್ದು ಫೋನಿನಿಂದ ಮಾತ್ರವೂ ಅಲ್ಲ. ಧಾರ್ಮಿಕ ವ್ಯವಹಾರ ಇಲಾಖೆಯ ಸೂಚನೆಯಂತೆ ಮಿನಾರುಗಳಿಂದ ‘ಸೆಲಾ’ ಮೊಳಗಿತು. ಸಾಮಾನ್ಯವಾಗಿ ಊರಿನಲ್ಲಿ ಸಾವಾದಾಗ, ಶುಕ್ರವಾರದ ನಮಾಜಿಗೆ ಮುನ್ನ ಕೇಳುವ ದನಿ ಅದು. ಅದನ್ನು ನಡುರಾತ್ರಿ ಕೇಳಿದ ಧರ್ಮಶ್ರದ್ಧರಿಗೆ ಮೈ ಜುಮ್ಮೆಂದಿತು. ಜಾತ್ಯತೀತ ಮಧ್ಯಮವರ್ಗದ ಮೊಹಲ್ಲಾಗಳಲ್ಲಿ ಅದೇ ದನಿ ಬೇರೆ ಬಗೆಯ ದಿಗಿಲು ಹುಟ್ಟಿಸಿತು. ಅವರಿಗೆ ಸೈನಿಕ ಆಳ್ವಿಕೆ ಬೇಡ, ಎರ್ದೊಗಾನ್‌ರ ಪರ ಘೋಷಣೆ ಕೂಗುವುದೂ ಬೇಡ. ಕಿಟಕಿ ಮುಚ್ಚಿ ಟಿ.ವಿ. ನೋಡಿದರು. ಈ ಮೌನವನ್ನು ದಂಗೆಗೆ ಸಮ್ಮತಿ ಎಂದು ಬರೆದರೆ ಅಂಕ ಕಳೆದುಕೊಳ್ಳುವುದು ಖಚಿತ.

ಏಕೆಂದರೆ ಅದೇ ರಾತ್ರಿ ಬಾಂಬು ಬಿದ್ದ ಸಂಸತ್ ಭವನದೊಳಗೆ ಸಂಸದರು ಕೂತಿದ್ದರು. ಮರುದಿನ ಎಕೆಪಿ, ಅದರ ಕಟ್ಟಾ ವಿರೋಧಿ ಸಿಎಚ್‌ಪಿ, ರಾಷ್ಟ್ರೀಯವಾದಿ ಎಂಎಚ್‌ಪಿ, ಕುರ್ದರ ಪರವಾದ ಎಚ್‌ಡಿಪಿ, ನಾಲ್ಕೂ ಪಕ್ಷಗಳು ಸೇರಿ ದಂಗೆಯನ್ನು ಖಂಡಿಸಿದವು. ಸಿಎಚ್‌ಪಿಯ ಮಂದಿ ಜುಲೈ 24ರಂದು ತಕ್ಸಿಮ್ ಚೌಕದಲ್ಲಿ ತಮ್ಮದೇ ಸಭೆ ನಡೆಸಿದರು.

ಬೆಳಗಾದ ಮೇಲೆ

ಮುಂಜಾನೆ ಸೇತುವೆಯ ಮೇಲೆ ಸೈನಿಕರು ಕೈ ಎತ್ತಿಕೊಂಡು ಟ್ಯಾಂಕಿನಿಂದ ಇಳಿದರು. ದಂಗೆಗೆ ಎದುರಾಗಿ ನಿಂತವರಲ್ಲಿ ಸುಮಾರು 250 ಮಂದಿ ಸತ್ತಿದ್ದರು, ಹೆಚ್ಚಿನವರು ಸಾಮಾನ್ಯ ನಾಗರಿಕರು. ಗಾಯಗೊಂಡವರು 2,000ಕ್ಕೂ ಹೆಚ್ಚು. ಬರಿಗೈಯಲ್ಲಿ ಗುಂಡಿಗೆ ಎದೆ ಕೊಟ್ಟವರ ಧೈರ್ಯ ದೊಡ್ಡದು. ಅದೇ ಸೇತುವೆಯ ಮೇಲೆ ಶರಣಾದ ಹುಡುಗರನ್ನು ಗುಂಪುಗಳು ಬೆಲ್ಟಿನಿಂದ ಬಡಿದದ್ದೂ ಉಂಟು, ಕೊಂದದ್ದೂ ಉಂಟು. ಅವರಲ್ಲಿ ಕಡ್ಡಾಯ ಸೇವೆಯ ಸಿಪಾಯಿಗಳು, ತರಬೇತಿಯ ಕೆಡೆಟ್‌ಗಳಿದ್ದರು. ‘ಕವಾಯತು ಎಂದು ಕರೆತಂದರು’ ಎಂದು ಅನೇಕರು ಹೇಳಿಕೊಂಡರು. ಎರಡನ್ನೂ ಒಂದೇ ಉತ್ತರದಲ್ಲಿ ಬರೆಯಲು ಕೈ ಹಿಂಜರಿಯುತ್ತದೆ, ಆದರೂ ಬರೆಯಬೇಕು.

ನಂತರದ ವಾರಗಳಲ್ಲಿ ಚೌಕಗಳಲ್ಲಿ ಪ್ರತಿ ರಾತ್ರಿ ‘ಪ್ರಜಾಪ್ರಭುತ್ವದ ಕಾವಲು’ ನಡೆಯಿತು. ಧ್ವಜ, ಹಾಡು, ಜೊತೆಗೆ ‘ಮರಣದಂಡನೆ ಬೇಕು’ ಎಂಬ ಕೂಗು. ಆಗಸ್ಟ್ 7ರಂದು ಯೆನಿಕಾಪಿ ಮೈದಾನದಲ್ಲಿ ನಡೆದ ಬೃಹತ್ ಸಭೆಯಲ್ಲಿ ಎರ್ದೊಗಾನ್ ಪಕ್ಕದಲ್ಲಿ ಸಿಎಚ್‌ಪಿ ಹಾಗೂ ಎಂಎಚ್‌ಪಿ ನಾಯಕರೂ ನಿಂತರು. ದಂಗೆಯನ್ನು ಖಂಡಿಸಿದ್ದ ನಾಲ್ಕನೆಯ ಪಕ್ಷ ಎಚ್‌ಡಿಪಿಗೆ ಆಹ್ವಾನವೇ ಇರಲಿಲ್ಲ. ನವೆಂಬರ್‌ನಲ್ಲಿ ಅದರ ಇಬ್ಬರು ಸಹ-ಅಧ್ಯಕ್ಷರನ್ನೂ ಬಂಧಿಸಲಾಯಿತು.

ಸರ್ಕಾರ ದಂಗೆಯ ಹೊಣೆಯನ್ನು ಅಮೆರಿಕದಲ್ಲಿದ್ದ ಧರ್ಮಗುರು ಫೆತುಲ್ಲಾ ಗುಲೆನ್ ಮೇಲೆ ಹೊರಿಸಿತು, ಅವರು ಕಡೆಯವರೆಗೂ ಅಲ್ಲಗಳೆದರು. ಜುಲೈ 20ರಂದು ಘೋಷಿಸಿದ ತುರ್ತು ಪರಿಸ್ಥಿತಿ ಎರಡು ವರ್ಷ ನಡೆಯಿತು. ಶಿಕ್ಷಕರು, ನ್ಯಾಯಾಧೀಶರು, ಪೊಲೀಸರು ಸೇರಿ ಒಂದು ಲಕ್ಷಕ್ಕೂ ಹೆಚ್ಚು ಸರ್ಕಾರಿ ನೌಕರರು ಕೆಲಸ ಕಳೆದುಕೊಂಡರು. ಸೇತುವೆಗೆ ‘ಜುಲೈ 15ರ ಹುತಾತ್ಮರ ಸೇತುವೆ’ ಎಂಬ ಹೆಸರು ಬಂತು.

2017ರ ಏಪ್ರಿಲ್‌ನಲ್ಲಿ, ಇನ್ನೂ ತುರ್ತು ಪರಿಸ್ಥಿತಿ ಇರುವಾಗಲೇ, ಅಧ್ಯಕ್ಷರಿಗೆ ಹೆಚ್ಚಿನ ಅಧಿಕಾರ ಕೊಡುವ ಜನಮತಗಣನೆ ನಡೆಯಿತು. ದೇಶದ ಮಟ್ಟದಲ್ಲಿ ಶೇ 51.4 ಮತಗಳಿಂದ ‘ಹೌದು’ ಗೆದ್ದಿತು. ಒಂಬತ್ತು ತಿಂಗಳ ಹಿಂದೆ ಜನ ಟ್ಯಾಂಕುಗಳನ್ನು ಸುತ್ತುವರಿದಿದ್ದ ಇಸ್ತಾಂಬುಲ್‌ನಲ್ಲೂ ಅಂಕಾರಾದಲ್ಲೂ ಗೆದ್ದದ್ದು ‘ಬೇಡ’.